ಬಟ್ಟಲು ಬೋರಲು ಹಾಕ್ರೀ

ಮಾರ್ಚ್ ಬಂತೆಂದರೆ ನಮ್ಮ ಧಾರವಾಡದಲ್ಲಿ ಮಣ್ಣಿನ ಬಟ್ಟಲು ಹಂಚುವ ಹಬ್ಬ ಶುರುವಾಗುತ್ತದೆ. 20ನೇ ತಾರೀಖು ಗುಬ್ಬಿ ದಿನ ಅಲ್ವಾ? ಹಕ್ಕಿಗೆ ನೀರಿಡಿ ಅಂತ ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಒಳ್ಳೆಯ ಕೆಲಸವೇ. ನಾನೂ ಎರಡು ಸಲ ಹೋಗಿ ಫೋಟೊದಲ್ಲಿ ನಿಂತು ಬಂದಿದ್ದೇನೆ. ಮೇ ಹೊತ್ತಿಗೆ ಅದೇ ಬಟ್ಟಲಿನ ಪಕ್ಕ ಸಿಕ್ಕ ಹಕ್ಕಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಜನ ನನ್ನ ದವಾಖಾನೆಗೆ ಬರುತ್ತಾರೆ.

ನಾನು ದನದ ಡಾಕ್ಟರ್. ಎಮ್ಮೆ ಕೆಚ್ಚಲು ಬಾವು, ನಾಯಿಗೆ ಲಸಿಕೆ, ದಿನದ ಕೆಲಸ ಅಷ್ಟೇ. ಹಕ್ಕಿ ತಂದರೆ ಫೀ ತಗೊಳ್ಳುವುದಿಲ್ಲ, ಬೈಯುತ್ತೇನೆ.

ಹೋದ ಬೇಸಿಗೆಯಲ್ಲಿ ಸಪ್ತಾಪುರದಿಂದ ಒಬ್ಬ ಅಕ್ಕೋರು ಬಂದರು. ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಪಾಠ ಹೇಳಿದವರು. ಡಬ್ಬಿಯಲ್ಲಿ ಒಂದು ಪಾರಿವಾಳ. ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ಕೊಕ್ಕಿನ ಸುತ್ತ ಒದ್ದೆ. ಬಾಯಿ ಬಿಡಿಸಿ ಟಾರ್ಚ್ ಹಾಕಿದೆ. ಗಂಟಲಲ್ಲಿ ಗಿಣ್ಣದ ತುಂಡಿನಂಥ ಹಳದಿ ಗಡ್ಡೆ. ಕಾಳು ಇಳಿಯಲು ಜಾಗವೇ ಇಲ್ಲ. ಹೊಟ್ಟೆ ಹಸಿದಿದೆ, ಎದುರಿಗೆ ಜೋಳ ಇದೆ, ನುಂಗಲು ಆಗುತ್ತಿಲ್ಲ. ಕಾಯಿಲೆ ಹಕ್ಕಿಯನ್ನು ಕೊಲ್ಲುವುದು ಹೆಚ್ಚಾಗಿ ಹೀಗೇ, ಉಪವಾಸ ಕೆಡವಿ.

‘ಅಕ್ಕೋರ, ನೀರಿನ ಬಟ್ಟಲಾ ತೊಳೀತೀರೇನ್ರೀ?’

‘ದಿನಾ ನೀರ ಹಾಕತೀನ್ರೀ ಡಾಕ್ಟರ್. ಒಂದ ದಿನಾನೂ ತಪ್ಪಿಸಿಲ್ಲ.’

‘ಹಾಕೂದಲ್ರೀ, ತೊಳಿಯೂದು.’

‘ಖಾಲೀನ ಆಗೂದಿಲ್ಲಲ್ರೀ. ಮ್ಯಾಲಿಂದ ಹಾಕತೀನಿ.’

ಇದೇ ಮಾತು. ಹತ್ತು ಜನರಲ್ಲಿ ಒಂಬತ್ತು ಜನ ಇದನ್ನೇ ಹೇಳುತ್ತಾರೆ. ನಿನ್ನೆಯ ನೀರಿನ ಮೇಲೆ ಇವತ್ತಿನ ನೀರು, ಅದರ ಮೇಲೆ ನಾಳೆಯದು. ನಿಮ್ಮ ಬಟ್ಟಲಿನ ಒಳಗೋಡೆಗೆ ಒಮ್ಮೆ ಬೆರಳಾಡಿಸಿ ನೋಡಿ. ಜಾರುತ್ತದೆ, ಲೋಳೆ. ತಳದಲ್ಲಿ ಹಿಕ್ಕೆ, ನೆನೆದು ಮೊಳಕೆ ಬಂದ ಎರಡು ಜೋಳದ ಕಾಳು. ಅದರಲ್ಲಿ ನೀವು ಕುಡಿಯುತ್ತೀರಾ?

ಅಕ್ಕೋರ ಪಾರಿವಾಳದ ಗಂಟಲಿನ ಒದ್ದೆಯನ್ನು ಹತ್ತಿಯಲ್ಲಿ ತೆಗೆದು, ಗಾಜಿನ ಪಟ್ಟಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಇದನ್ನು ಇನ್ನೂ ಬೆಚ್ಚಗಿರುವಾಗಲೇ ನೋಡಬೇಕು, ತಡವಾದರೆ ಏನೂ ಕಾಣುವುದಿಲ್ಲ. ಬಾಲ ಇರುವ ಸಣ್ಣ ಜೀವಿಗಳು, ನಡುಗುತ್ತಾ, ಒದ್ದಾಡುತ್ತಾ ಈಜುತ್ತಿದ್ದವು. ಹೆಸರು ಟ್ರೈಕೊಮೊನಾಸ್ ಗ್ಯಾಲಿನೆ. ಪಾರಿವಾಳ ಸಾಕುವವರಿಗೆ ಇದು ಹಳೆಯ ಪರಿಚಯ. ಎಷ್ಟೋ ಪಾರಿವಾಳಗಳು ಏನೂ ಆಗದೆ ಇದನ್ನು ಗಂಟಲಲ್ಲಿ ಇಟ್ಟುಕೊಂಡು ಓಡಾಡುತ್ತವೆ. ಪಾರಿವಾಳ ನೀರು ಕುಡಿಯುವುದನ್ನು ಗಮನಿಸಿದ್ದೀರಾ? ಗುಬ್ಬಿಯ ಹಾಗೆ ಗುಟುಕು ತಗೊಂಡು ತಲೆ ಎತ್ತುವುದಿಲ್ಲ. ಕೊಕ್ಕು ಮುಳುಗಿಸಿ ಎಮ್ಮೆ ಹಾಗೆ ಹೀರುತ್ತದೆ. ಎಂಜಲು ನೀರಿಗೆ. ಆಮೇಲೆ ಅದೇ ನೀರಿಗೆ ಬೆಳವ ಬರುತ್ತದೆ, ಗುಬ್ಬಿ ಬರುತ್ತದೆ.

ಗಂಟಲಲ್ಲಿ ಹಳದಿ ಕಂಡದ್ದೆಲ್ಲ ಇದೇ ಅಂತ ತಿಳಿಯಬೇಡಿ. ಸಿಡುಬಿನಲ್ಲೂ, ಬೂಷ್ಟಿನ ಸೋಂಕಿನಲ್ಲೂ ಹೀಗೆ ಕಾಣಬಹುದು. ನೋಡದೆ ನಾನು ಹೇಳುವುದಿಲ್ಲ, ಫೋನಿನಲ್ಲಿ ಕೇಳಬೇಡಿ.

ಹಕ್ಕಿಗೆ ಕಾಳು-ನೀರು ಇಡುವುದರಿಂದ ಏನು ಮಹಾ ಆದೀತು ಅನ್ನುವವರಿಗೆ ನಾನು ಇಂಗ್ಲೆಂಡಿನ ಕಥೆ ಹೇಳುತ್ತೇನೆ. ನನ್ನ ಅಕ್ಕನ ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. 2003ರಲ್ಲಿ ಹೋದವನು. ಹೋದ ಹೊಸದರಲ್ಲಿ ಹಿತ್ತಲಲ್ಲಿ ಸೂರ್ಯಕಾಂತಿ ಬೀಜದ ಡಬ್ಬಿ ತೂಗುಹಾಕಿ, ‘ಮಾಮಾ, ಹದಿನೈದು ಹಕ್ಕಿ ಬಂದಾವು’ ಅಂತ ಫೋನ್ ಮಾಡುತ್ತಿದ್ದ. ಗ್ರೀನ್‌ಫಿಂಚ್ ಅಂತ ಹೆಸರು. ನಮ್ಮ ಗುಬ್ಬಿಗಿಂತ ಒಂಚೂರು ದಪ್ಪ, ಪಾಚಿ ಹಸಿರು ಮೈ, ರೆಕ್ಕೆಯಲ್ಲಿ ಹಳದಿ ಪಟ್ಟಿ, ಕಾಳು ಒಡೆಯಲು ಗಟ್ಟಿ ಕೊಕ್ಕು. ಅಲ್ಲಿನ ತೋಟಗಳಲ್ಲಿ ಆಗ ಅದು ಸಾಮಾನ್ಯ ಹಕ್ಕಿ. ಆಮೇಲೊಂದು ವರ್ಷ ಒಂದು ಫೋಟೊ ಕಳಿಸಿದ. ಅದೇ ಹಕ್ಕಿ, ಗರಿ ಉಬ್ಬಿಸಿಕೊಂಡಿದೆ, ಕೊಕ್ಕಿಗೆ ಬೀಜದ ಹಿಟ್ಟು ಮೆತ್ತಿದೆ, ಹತ್ತಿರ ಹೋದರೂ ಹಾರುತ್ತಿಲ್ಲ. ನನಗೆ ಪಾರಿವಾಳದ ನೆನಪಾಯಿತು.

ಅಲ್ಲಿನ ಪಶುವೈದ್ಯರಿಗೂ ಅದೇ ನೆನಪಾಗಿತ್ತು. 2005ರಲ್ಲಿ ಬ್ರಿಟನ್ನಿನ ಫಿಂಚ್‌ಗಳಲ್ಲಿ, ಅಂದರೆ ಗ್ರೀನ್‌ಫಿಂಚ್ ಬಳಗದ ಕಾಳು ತಿನ್ನುವ ಸಣ್ಣ ಹಕ್ಕಿಗಳಲ್ಲಿ, ಇದೇ ಪಾರಿವಾಳದ ಕಾಯಿಲೆ ಕಾಣಿಸಿಕೊಂಡಿತು. ಮರುವರ್ಷ ಅದು ದೊಡ್ಡ ಪಿಡುಗೇ ಆಯಿತು. ಕಾಡುಪಾರಿವಾಳದಿಂದ ದಾಟಿರಬೇಕು ಅನ್ನುತ್ತಾರೆ. 2009ರ ಹೊತ್ತಿಗೆ ಸುಮಾರು 43 ಲಕ್ಷ ಇದ್ದ ಗ್ರೀನ್‌ಫಿಂಚ್ 28 ಲಕ್ಷಕ್ಕೆ ಇಳಿಯಿತು. ಮೂರ್ನಾಲ್ಕು ವರ್ಷದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು ಅಂದರೆ ಯೋಚಿಸಿ. ಬೇಟೆ ಇಲ್ಲ, ಬರಗಾಲ ಇಲ್ಲ, ಕಾಡು ಕಡಿದದ್ದೂ ಅಲ್ಲ. ಪ್ರೀತಿಯಿಂದ ಕಾಳು ಇಟ್ಟ ಹಿತ್ತಲುಗಳಲ್ಲೇ ಸತ್ತವು. ವಲಸೆ ಹೋಗುವ ಚಾಫಿಂಚ್ ಅನ್ನುವ ಅದೇ ಬಳಗದ ಹಕ್ಕಿಯ ಜೊತೆ ಕಾಯಿಲೆ ಸಮುದ್ರ ದಾಟಿ 2008ರಲ್ಲಿ ಸ್ವೀಡನ್, ಫಿನ್‌ಲೆಂಡ್ ಕಡೆಗೂ ಹೋಯಿತು. 2021ರ ಡಿಸೆಂಬರಿನಲ್ಲಿ ಗ್ರೀನ್‌ಫಿಂಚ್ ಬ್ರಿಟನ್ನಿನಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿ ಸೇರಿತು. 2025ರಲ್ಲಿ ಅಲ್ಲಿನ ದೊಡ್ಡ ಪಕ್ಷಿ ಸಂಸ್ಥೆ ಆರ್‌ಎಸ್‌ಪಿಬಿ ಕಾಳು ಹರಡಿ ಇಡುವ ಚಪ್ಪಟೆ ಹಲಗೆಯ ಫೀಡರ್ ಮಾರುವುದನ್ನೇ ನಿಲ್ಲಿಸಿತು.

ಈ ಹಕ್ಕಿಗೇ ಯಾಕೆ ಇಷ್ಟು ಬಡಿಯಿತು? ಅದು ಗುಂಪಿನಲ್ಲಿ ಉಣ್ಣುವ ಹಕ್ಕಿ. ಒಮ್ಮೆ ಫೀಡರಿಗೆ ಕೂತರೆ ಬೇಗ ಏಳುವುದಿಲ್ಲ. ಬೀಜವನ್ನು ಬಾಯಲ್ಲಿ ಹೊರಳಾಡಿಸಿ ಸಿಪ್ಪೆ ತೆಗೆಯುತ್ತದೆ. ಗಂಟಲು ಕಟ್ಟಿದ ಹಕ್ಕಿ ಆ ಒದ್ದೆ ಬೀಜವನ್ನು ನುಂಗಲಾರದೆ ಅಲ್ಲೇ ಉಗುಳುತ್ತದೆ. ಪಕ್ಕದ್ದು ಹೆಕ್ಕುತ್ತದೆ. ಒಂದೇ ತಾಟಿನಲ್ಲಿ ಹತ್ತು ಜನ ಉಂಡ ಹಾಗೆ.

ಈಗ ನನ್ನ ಒಂದೇ ಮಾತಿಗೆ ಬರುತ್ತೇನೆ. ಕಾಯಿಲೆ ತರುವ ಆ ಬಾಲದ ಜೀವಿಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಒಣಗಿದರೆ ಸಾಯುತ್ತದೆ. ಕೆಲವು ಪರೋಪಜೀವಿಗಳು ಗಟ್ಟಿ ಚಿಪ್ಪು ಕಟ್ಟಿಕೊಂಡು ತಿಂಗಳುಗಟ್ಟಲೆ ಮಣ್ಣಲ್ಲಿ ಕಾಯುತ್ತವೆ. ಇದಕ್ಕೆ ಆ ಚಿಪ್ಪಿಲ್ಲ. ಒದ್ದೆ ಇದ್ದರೆ ಮಾತ್ರ ಬದುಕು. ನೀರಲ್ಲಿ ಕಸ, ಹಿಕ್ಕೆ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು. ಹಾಗಾಗಿ ಬಟ್ಟಲಿನ ನೀರು ಪೂರ್ತಿ ಚೆಲ್ಲಬೇಕು, ನಾರಿನಿಂದ ಉಜ್ಜಬೇಕು, ಬಿಸಿಲಲ್ಲಿ ಬೋರಲು ಹಾಕಬೇಕು. ಇಷ್ಟೇ. ಉಜ್ಜಿದ ತಕ್ಷಣ ನೀರು ತುಂಬಿದರೆ ಅರ್ಧ ಕೆಲಸ. ನಾನು ಒಣಗಬೇಕು ಅನ್ನುತ್ತಿದ್ದೇನೆ. ಅಂಗೈಯಲ್ಲಿ ಮುಟ್ಟಿದರೆ ಬಿಸಿ ಹತ್ತಬೇಕು, ತಂಪು ತಾಗಬಾರದು. ಮಣ್ಣಿನ ಬಟ್ಟಲು ಒಳಗೊಳಗೇ ನೀರು ಕುಡಿದುಕೊಂಡಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಹಾಗಾದರೆ ಹಕ್ಕಿಗೆ ಅಲ್ಲಿವರೆಗೆ ನೀರು? ಅದಕ್ಕೇ ಎರಡು ಬಟ್ಟಲು ಇಟ್ಟುಕೊಳ್ಳಿ. ಒಂದು ದಿನ ಒಂದು ಕೆಲಸಕ್ಕೆ, ಇನ್ನೊಂದು ಬಿಸಿಲಿಗೆ. ಧಾರವಾಡದ ಏಪ್ರಿಲ್ ಬಿಸಿಲಿಗೆ ಬಿಲ್ ಬರುವುದಿಲ್ಲ.

ಒಂದು ಕಷ್ಟ ನನಗೂ ಗೊತ್ತು. ನಮ್ಮಲ್ಲಿ ನಳ ಬರುವುದು ಐದಾರು ದಿನಕ್ಕೊಮ್ಮೆ, ಕೆಲವು ಓಣಿಗಳಲ್ಲಿ ಇನ್ನೂ ತಡ. ತಂಬಿಗೆ ನೀರು ಚೆಲ್ಲಿ ಅಂದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತದೆ. ಚೆಲ್ಲುವ ನೀರನ್ನು ಗಿಡದ ಬುಡಕ್ಕೆ ಹಾಕಿ. ಬಟ್ಟಲು ತುಂಬಬೇಕು ಅಂತಲೂ ಇಲ್ಲ, ಎರಡು ಬೆರಳು ನೀರು ಸಾಕು. ಕಾಳೂ ಅಷ್ಟೇ, ಸಂಜೆಗೆ ಖಾಲಿಯಾಗುವಷ್ಟು. ನಿನ್ನೆಯ ಚುರಮರಿ ಸುರಿಯುವವರಿಗೆ ಬೇರೆ ಲೇಖನ ಬರೆಯಬೇಕು.

ಅಕಸ್ಮಾತ್ ಕಾಯಿಲೆ ಹಕ್ಕಿ ಕಂಡರೆ ಕಡಿಮೆ ಅಂದರೂ ಎರಡು ವಾರ ಕಾಳು, ನೀರು ಎರಡೂ ನಿಲ್ಲಿಸಿ. ಇದನ್ನು ಹೇಳಿದಾಗ ಅಕ್ಕೋರು ನನ್ನನ್ನು ಕಟುಕನ ಹಾಗೆ ನೋಡಿದರು. ‘ನೀರಡಿಸಿ ಬಂದ ಜೀವಕ್ಕ ಇಲ್ಲ ಅನ್ನಬೇಕೇನ್ರೀ?’ ಅವರ ಕಣ್ಣು ತುಂಬಿತ್ತು. ನನಗೂ ಹೇಳಲು ಹಿತವಲ್ಲ. ಆದರೆ ಕೆಳಗೇರಿ ಕೆರೆ ಇದೆ, ಅಕ್ಕಪಕ್ಕದ ಮನೆಗಳಿವೆ. ಹಕ್ಕಿಗಳು ಚದುರಿದರೆ ಕಾಯಿಲೆಯೂ ತೆಳುವಾಗುತ್ತದೆ.

ಇನ್ನು ಔಷಧ. ಅಂಗಡಿಯಿಂದ ಮಾತ್ರೆ ತಂದು ಪುಡಿ ಮಾಡಿ ಬಟ್ಟಲಿಗೆ ಹಾಕುವ ಜಾಣರಿದ್ದಾರೆ. ದಯವಿಟ್ಟು ಬೇಡ. ಯಾವ ಹಕ್ಕಿ ಎಷ್ಟು ಕುಡಿಯಿತು ಅಂತ ಯಾರಿಗೆ ಗೊತ್ತು? ಕಾಯಿಲೆಯದು ಕುಡಿಯುವುದೇ ಇಲ್ಲ, ಚೆನ್ನಾಗಿರುವುದು ಜಾಸ್ತಿ ಕುಡಿಯುತ್ತದೆ. ಪಂಜರದ ಪಾರಿವಾಳಕ್ಕೆ ತೂಕ ನೋಡಿ ಕೊಡಬಹುದು, ಅದನ್ನೂ ತೋರಿಸಿಯೇ ಕೊಡಿ. ಮನುಷ್ಯರಿಗೆ ಈ ಕಾಯಿಲೆ ಅಂಟುವುದಿಲ್ಲ. ಆದರೆ ಹಿಕ್ಕೆಯಲ್ಲಿ ಬೇರೆ ರೋಗಾಣು ಇರುತ್ತವೆ. ಬಟ್ಟಲನ್ನು ಅಡುಗೆಮನೆ ಬಚ್ಚಲಲ್ಲಿ ತೊಳೆಯಬೇಡಿ, ಕೈಗೆ ಸೋಪು ಹಾಕಿ.

ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುವವರು ಹಳೇ ಹುಬ್ಬಳ್ಳಿಯ ಒಬ್ಬ ಕಬೂತರ್ ಸಾಕುವ ಮಾಮು. ಸಾಲಿ ಮೆಟ್ಟಿಲು ಹತ್ತಿದವರಲ್ಲ. ಮಾಳಿಗೆ ಮೇಲೆ ನೂರು ಪಾರಿವಾಳ, ಗೋಡೆಗುಂಟ ಸಾಲಾಗಿ ಬೋರಲು ಹಾಕಿದ ಕುಂಡಾಲಿಗಳು. ಯಾಕೆ ಅಂತ ಕೇಳಿದೆ. ‘ನಮ್ಮ ಉಸ್ತಾದ್ ಹೇಳ್ಯಾರ್ರೀ, ಬಿಸಿಲು ತಿನ್ನಲಾರದ ಕುಂಡಾಲಿ ಕಬೂತರ್ ತಿಂತೈತಿ’ ಅಂದರು. ನಾನು ಐದು ವರ್ಷ ಕಾಲೇಜಿನಲ್ಲಿ ಓದಿದ್ದು!

ಒಂದು ಎಚ್ಚರಿಕೆ. ನಮ್ಮ ಊರಿನ ಗುಬ್ಬಿ ಕಡಿಮೆಯಾದದ್ದು ಈ ಕಾಯಿಲೆಯಿಂದ ಅಂತ ನಾನು ಹೇಳುತ್ತಿಲ್ಲ. ಹಾಗೆ ಬರೆದು ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಹಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಗೂಡಿಗೆ ಸಂದಿ ಇಲ್ಲ. ಮರಿಗೆ ಹುಳ ಬೇಕು, ಹಿತ್ತಲಿಗೆಲ್ಲ ಫರಸಿ ಹಾಸಿದ್ದೇವೆ. ಮೊಬೈಲ್ ಟವರ್ ಅಂತ ದಿನಾ ಒಬ್ಬರು ಕೇಳುತ್ತಾರೆ. ಗಟ್ಟಿ ಆಧಾರ ಇಲ್ಲ. ಇಡೀ ದೇಶದ ಹಕ್ಕಿಗಳ ಲೆಕ್ಕ ಹಾಕಿದ 2020ರ ವರದಿಯ ಪ್ರಕಾರ ಗುಬ್ಬಿ ಇಳಿದದ್ದು ಮುಖ್ಯವಾಗಿ ಆರು ಮಹಾನಗರಗಳಲ್ಲಿ, ಉಳಿದ ಕಡೆ ಹೆಚ್ಚುಕಡಿಮೆ ಹಾಗೇ ಇದೆ. ಪಾರಿವಾಳ ಮಾತ್ರ ಎಲ್ಲೆಡೆ ಏರುತ್ತಲೇ ಇದೆ. ಆ ಏರಿದ ಪಾರಿವಾಳ, ಉಳಿದ ಗುಬ್ಬಿ ಒಂದೇ ಬಟ್ಟಲಿಗೆ ಬಾಯಿ ಹಾಕುತ್ತವೆ ಅನ್ನುವುದೇ ನನ್ನ ಚಿಂತೆ.

ಅಕ್ಕೋರ ಪಾರಿವಾಳ ಉಳಿಯಲಿಲ್ಲ. ತಡವಾಗಿತ್ತು. ಅವತ್ತೇ ಅವರು ಎರಡನೇ ಬಟ್ಟಲು ಕೊಂಡರು. ಈಗ ದಿನಾ ಬೆಳಿಗ್ಗೆ ನನಗೆ ವಾಟ್ಸಾಪಿನಲ್ಲಿ ಫೋಟೊ ಬರುತ್ತದೆ. ಗುಲಾಬಿ ಹೂವಿಲ್ಲ, ಸುಪ್ರಭಾತ ಇಲ್ಲ, ಮಾಳಿಗೆ ಮೇಲೆ ಬೋರಲು ಬಿದ್ದ ಬಟ್ಟಲು, ಕೆಳಗೆ ‘ನಮಸ್ಕಾರ’. ಹೋಮ್‌ವರ್ಕ್ ತೋರಿಸಿದ ಹಾಗೆ. ನಿನ್ನೆಯ ಫೋಟೊದಲ್ಲಿ ಬಟ್ಟಲು ನೀರಿನ ಟಾಕಿಯ ನೆರಳಲ್ಲಿತ್ತು. ಫೋನ್ ಮಾಡಬೇಕು.