ಕರೆಯುವುದು ಬೇರೆ, ಸೇರಿಸಿಕೊಳ್ಳುವುದು ಬೇರೆ: ಪರಿಸರ ಸಂಸ್ಥೆಗಳ ಯುವಜನ ಸಂಪರ್ಕ ಮತ್ತು ನೇಮಕಾತಿ ಕುರಿತ ಅಧ್ಯಯನ ಟಿಪ್ಪಣಿ

1962ರ ಬೇಸಿಗೆಯಲ್ಲಿ ರಾಬರ್ಟ್ ಸ್ಟಾಂಟನ್ ಎಂಬ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗೆ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಹಂಗಾಮಿ ರೇಂಜರ್ ಕೆಲಸ ಸಿಕ್ಕಿತು. ಆಗ ಅವರು ಟೆಕ್ಸಾಸ್‌ನ ಆಸ್ಟಿನ್ ನಗರದ ಹ್ಯೂಸ್ಟನ್-ಟಿಲಟ್ಸನ್ ಕಾಲೇಜಿನಲ್ಲಿ ಓದುತ್ತಿದ್ದರು. ಕೆಲಸವೇನೋ ಸಿಕ್ಕಿತು, ಆದರೆ ರೇಂಜರ್ ಸಮವಸ್ತ್ರ ಕೊಳ್ಳುವುದಕ್ಕೂ ಅಷ್ಟು ದೂರದ ರೈಲು ಪ್ರಯಾಣಕ್ಕೂ ಕೈಯಲ್ಲಿ ದುಡ್ಡಿರಲಿಲ್ಲ. 250 ಡಾಲರ್ ಸಾಲ ಮಾಡಿ ಹೊರಟರು. ಮೂವತ್ತೈದು ವರ್ಷಗಳ ನಂತರ, 1997ರಲ್ಲಿ, ಅದೇ ರಾಷ್ಟ್ರೀಯ ಉದ್ಯಾನ ಸೇವೆಯ ನಿರ್ದೇಶಕರಾದರು. ಆ ಹುದ್ದೆಗೇರಿದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ.

ಈ ವಿಷಯವನ್ನು ಓದುತ್ತಿರುವ ಸಹಪಾಠಿಗಳು ಮೊದಲು ಈ ಪ್ರಸಂಗವನ್ನೇ ನೆನಪಿಟ್ಟುಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇಡೀ ಪಾಠ ಇದರಲ್ಲೇ ಅಡಗಿದೆ. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಬರುವುದು ಆಂತರಿಕ ಇಲಾಖೆಯ ಕೆಳಗೆ; ಅಂದಿನ ಆಂತರಿಕ ಸಚಿವ ಸ್ಟೂವರ್ಟ್ ಉಡಾಲ್ ಅವರು ಉದ್ಯಾನಗಳಲ್ಲಿ ಕಪ್ಪು ರೇಂಜರುಗಳು ಇಲ್ಲವೆನ್ನುವಷ್ಟು ವಿರಳವಾಗಿರುವುದನ್ನು ಗಮನಿಸಿ, ಕಪ್ಪು ವಿದ್ಯಾರ್ಥಿಗಳೇ ಓದುವ ಕಾಲೇಜುಗಳಿಗೆ ತಮ್ಮವರನ್ನು ಕಳುಹಿಸಿ ಅರ್ಜಿ ಹಾಕಿಸಿದ್ದರು. ಕರೆ ಸ್ಟಾಂಟನ್ ಅವರವರೆಗೆ ಮುಟ್ಟಿದ್ದು ಹಾಗೆ. ಕರೆ ಮುಟ್ಟಿದ ಮೇಲೂ 250 ಡಾಲರಿನ ಒಂದು ಹೊಳೆ ದಾಟುವುದು ಉಳಿದಿತ್ತು, ಮತ್ತು ಅದನ್ನು ದಾಟಿಸುವ ಹೊಣೆ ವಿದ್ಯಾರ್ಥಿಯ ಮೇಲೆಯೇ ಬಿತ್ತು. ಸಾಲ ಹುಟ್ಟದೆ ಮನೆಯಲ್ಲೇ ಉಳಿದವರ ಹೆಸರು ಯಾವ ಇತಿಹಾಸದಲ್ಲೂ ಇರುವುದಿಲ್ಲ.

ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಯುವಜನ ಸಂಪರ್ಕವೆಂದರೆ ಸಂಸ್ಥೆಯು ತನ್ನ ಕೆಲಸದ ಪರಿಚಯವಿಲ್ಲದ ಹುಡುಗ ಹುಡುಗಿಯರ ಬಳಿಗೆ ತಾನೇ ಹೋಗುವುದು: ಶಾಲೆಗಳಿಗೆ ಭೇಟಿ, ಪ್ರಕೃತಿ ಶಿಬಿರ, ಹಕ್ಕಿ ವೀಕ್ಷಣೆ, ಗಿಡ ನೆಡುವ ದಿನ. ವೈವಿಧ್ಯ ನೇಮಕಾತಿಯೆಂದರೆ ಇದುವರೆಗೆ ಸಂಸ್ಥೆಯೊಳಗೆ ಕಾಣಿಸದ ಸಮುದಾಯಗಳವರು ಸಂಬಳದ ಹುದ್ದೆಗಳಿಗೆ, ಕಡೆಗೆ ತೀರ್ಮಾನ ತೆಗೆದುಕೊಳ್ಳುವ ಹುದ್ದೆಗಳಿಗೆ, ಬರುವಂತೆ ದಾರಿ ಮಾಡುವುದು. ನಮ್ಮಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿ, ಬಂಡೀಪುರ, ನಾಗರಹೊಳೆ ಅಂಚಿನ ಊರುಗಳ ಶಾಲೆಗಳಿಗೆ ಒಯ್ದ ವೈಲ್ಡ್ ಶಾಲೆ ಎಂಬ ಪರಿಸರ ಪಾಠದ ಕಾರ್ಯಕ್ರಮ ಮೊದಲನೆಯ ಬಗೆಯ ಕೆಲಸ, ಮತ್ತು ಅಗತ್ಯವಾದ ಕೆಲಸ. ಆದರೆ ಮೊದಲನೆಯದು ಬೆಳೆದ ಮಾತ್ರಕ್ಕೆ ಎರಡನೆಯದು ತಾನಾಗಿ ಬೆಳೆಯುವುದಿಲ್ಲ. ನಡುವೆ ಇರಬೇಕಾದ ಮೆಟ್ಟಿಲುಗಳನ್ನು ಯಾರಾದರೂ ಕಟ್ಟಬೇಕು. ಅದಕ್ಕೆ ಉದಾಹರಣೆಯಾಗಿ ನಾನು ಆರಿಸಿಕೊಂಡಿರುವುದು ಅಮೆರಿಕದ ವಿದ್ಯಾರ್ಥಿ ಸಂರಕ್ಷಣಾ ಸಂಘವನ್ನು, ಅಂದರೆ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್ ಅನ್ನು.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಉದ್ಯಾನಗಳಿಗೆ ಜನ ಮುಗಿಬೀಳುತ್ತಿದ್ದರು, ಆದರೆ ಅವುಗಳ ನಿರ್ವಹಣೆಗೆ ಹಣವಿರಲಿಲ್ಲ. ಈ ದುಃಸ್ಥಿತಿಯ ಬಗ್ಗೆ ಓದಿದ ಎಲಿಜಬೆತ್ ಕಷ್‌ಮನ್ ಎಂಬ ವಿದ್ಯಾರ್ಥಿನಿ, ಉದ್ಯಾನಗಳಲ್ಲಿ ದುಡಿಯುವ ವಿದ್ಯಾರ್ಥಿ ಪಡೆಯೊಂದನ್ನು ಕಟ್ಟಬೇಕೆಂದು 1955ರಲ್ಲಿ ವಾಸರ್ ಕಾಲೇಜಿನ ತನ್ನ ಅಂತಿಮ ವರ್ಷದ ಪ್ರಬಂಧದಲ್ಲಿ ಪ್ರಸ್ತಾಪಿಸಿದಳು. 1957ರಲ್ಲಿ 53 ಸ್ವಯಂಸೇವಕರು ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಉದ್ಯಾನಗಳಿಗೆ ಹೋಗಿ ಕೆಲಸ ಆರಂಭಿಸಿದರು. ಲಿಜ್ ಪಟ್ನಮ್ ಎಂದು ಮುಂದೆ ಪ್ರಸಿದ್ಧರಾದ ಆಕೆಗೆ 2010ರಲ್ಲಿ ಅಧ್ಯಕ್ಷ ಒಬಾಮಾ ಅವರಿಂದ ಅಧ್ಯಕ್ಷೀಯ ನಾಗರಿಕ ಪದಕ ದೊರೆಯಿತು. ಕಾಲೇಜಿನ ಪ್ರಬಂಧವೊಂದು ಕಪಾಟು ಸೇರದೆ ಸಂಸ್ಥೆಯಾಗಿ ಬೆಳೆದದ್ದು, ಪ್ರಬಂಧ ಬರೆಯುತ್ತಿರುವ ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ.

ಈ ಸಂಘದ ಹಳೆಯ ಮಾದರಿ ಹೀಗಿದೆ: ಕೆಲವೇ ಹದಿಹರೆಯದವರ ಒಂದು ತಂಡ ಮುಂದಾಳುಗಳೊಂದಿಗೆ ವಾರಗಟ್ಟಲೆ ಕಾಡಿನಲ್ಲಿ ಡೇರೆ ಹಾಕಿಕೊಂಡು ಇರುತ್ತದೆ. ತಾವೇ ಅಡುಗೆ ಮಾಡಿಕೊಂಡು, ಪುಲಾಸ್ಕಿ ಹಿಡಿದು ಕಾಲುದಾರಿ ದುರಸ್ತಿ ಮಾಡುತ್ತಾರೆ. ಪುಲಾಸ್ಕಿಯೆಂದರೆ ಒಂದು ಕಡೆ ಕೊಡಲಿಯ ಅಲಗು, ಇನ್ನೊಂದು ಕಡೆ ಗುದ್ದಲಿಯಂತೆ ಅಡ್ಡ ಅಲಗು ಇರುವ ಉಪಕರಣ; ಬೇರನ್ನು ಕಡಿದು, ಹಿಡಿ ತಿರುಗಿಸಿ, ಅದೇ ಉಪಕರಣದಿಂದ ಮಣ್ಣು ಕೆರೆಯಬಹುದು. ಈ ಮಾದರಿಯ ಮೇಲೆ ನನಗೆ ಗೌರವವಿದೆ. ಆದರೂ ಇದಕ್ಕೆ ಯಾರು ಬರಲಾರರು ಎಂದು ಕೇಳಿ ನೋಡಿ. ರಜೆಯಲ್ಲಿ ದುಡಿದು ಮನೆಗೆ ಹಣ ಕೊಡಬೇಕಾದ ಹುಡುಗ ಬರಲಾರ. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿ ಬರಲಾರಳು. ಗಟ್ಟಿ ಬೂಟು, ಮಲಗುವ ಚೀಲ, ಮಳೆ ಅಂಗಿ ಮನೆಯಲ್ಲಿ ಮೊದಲೇ ಇದ್ದವರಿಗೆ ಖರ್ಚು ಕಾಣುವುದೇ ಇಲ್ಲ. ಇಲ್ಲದವರಿಗೆ ಅದೇ ದೊಡ್ಡ ಗೋಡೆ. ಆದ್ದರಿಂದಲೇ ಸಂಘವು ಪಿಟ್ಸ್‌ಬರ್ಗ್, ಷಿಕಾಗೊ, ಸಿಯಾಟಲ್‌ನಂಥ ನಗರಗಳಲ್ಲಿ ಬೇರೆ ಬಗೆಯ ತಂಡಗಳನ್ನು ಕಟ್ಟಿತು. ಅಲ್ಲಿಯ ಪ್ರೌಢಶಾಲಾ ವಿದ್ಯಾರ್ಥಿಗಳು ತಮ್ಮದೇ ಊರಿನ ಉದ್ಯಾನಗಳಲ್ಲಿ ಹಗಲು ಕೆಲಸ ಮಾಡಿ ಸಂಜೆ ಮನೆಗೆ ಮರಳುತ್ತಾರೆ, ಮತ್ತು ಮಾಡಿದ ಕೆಲಸಕ್ಕೆ ಹಣ ಪಡೆಯುತ್ತಾರೆ. ಹಣ ಕೊಡುವುದರಿಂದ ಸೇವಾಭಾವ ಕುಂದುತ್ತದೆ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ, ಪುಕ್ಕಟೆ ದುಡಿಮೆಯನ್ನೇ ಸೇವಾಭಾವದ ಅಳತೆಗೋಲು ಮಾಡಿದರೆ, ಉಳ್ಳವರ ಮಕ್ಕಳ ಸೇವಾಭಾವ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಹಣವಷ್ಟೇ ಅಡ್ಡಿಯಲ್ಲ, ನೆನಪೂ ಅಡ್ಡಿ. 1933ರಿಂದ 1942ರವರೆಗೆ ನಡೆದ ಅಮೆರಿಕ ಸರ್ಕಾರದ ನಾಗರಿಕ ಸಂರಕ್ಷಣಾ ಪಡೆ, ಅಂದರೆ ಸಿವಿಲಿಯನ್ ಕನ್ಸರ್ವೇಶನ್ ಕೋರ್, ಸುಮಾರು 30 ಲಕ್ಷ ಯುವಕರಿಗೆ ಕಾಡು ಮತ್ತು ಉದ್ಯಾನಗಳಲ್ಲಿ ಕೆಲಸ ಕೊಟ್ಟಿತು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಹೆಚ್ಚಿನ ಪಾಲು ನೇರವಾಗಿ ಮನೆಗೆ ಹೋಗುತ್ತಿತ್ತು. ಆದರೆ ಕಪ್ಪು ಯುವಕರನ್ನು ಬೇರೆ ಶಿಬಿರಗಳಲ್ಲಿ ಇರಿಸಲಾಯಿತು, ಮಹಿಳೆಯರಿಗೆ ಈ ಪಡೆಯಲ್ಲಿ ಜಾಗವೇ ಇರಲಿಲ್ಲ. ವರ್ಜೀನಿಯಾದ ಶೆನಾಂಡೋವಾ ಉದ್ಯಾನದಲ್ಲಿ 1939ರಲ್ಲಿ ಕಪ್ಪು ಪ್ರವಾಸಿಗರಿಗಾಗಿಯೇ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ತಾಣ ತೆರೆದರು. ಆ ಪ್ರತ್ಯೇಕತೆ ಪೂರ್ತಿಯಾಗಿ ಅಳಿದದ್ದು 1950ರಲ್ಲಿ. ಇಂಥ ಉದ್ಯಾನದ ಬಾಗಿಲಲ್ಲಿ ತಡೆಯಿಸಿಕೊಂಡ ಅಜ್ಜಿ, ತನ್ನ ಮೊಮ್ಮಗಳು ವಾರಗಟ್ಟಲೆ ಕಾಡಿನಲ್ಲಿ ಡೇರೆ ಹಾಕಿಕೊಂಡಿರುತ್ತೇನೆ ಎಂದಾಗ ಬೇಡ ಎಂದರೆ, ಅದನ್ನು ಪರಿಸರದ ಬಗೆಗಿನ ನಿರಾಸಕ್ತಿ ಎಂದು ಬರೆದುಕೊಳ್ಳುವುದು ತಪ್ಪು. ಹೀಗಾಗಿ ಸಂಪರ್ಕದ ಕೆಲಸದಲ್ಲಿ ಸಮುದಾಯದ ಒಳಗಿನಿಂದಲೇ ಹುಟ್ಟಿದ ಸಂಘಟನೆಗಳ ಜೊತೆಗೂಡುವುದು ಮುಖ್ಯವಾಗುತ್ತದೆ. 2009ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ರೂ ಮ್ಯಾಪ್ ಎಂಬ ಮಹಿಳೆ ಆರಂಭಿಸಿದ, ಕಪ್ಪು ಜನರನ್ನು ಪ್ರಕೃತಿಯ ಬಳಿಗೆ ಕರೆದೊಯ್ಯುವ ಔಟ್‌ಡೋರ್ ಆಫ್ರೋ ಅಂಥದ್ದೊಂದು ಸಂಘಟನೆ.

ಇನ್ನು ಸಂಸ್ಥೆಗಳ ಒಳಗಿನ ಸ್ಥಿತಿ. 1990ರಲ್ಲಿ ನ್ಯೂ ಮೆಕ್ಸಿಕೊದ ಬಿಳಿಯರಲ್ಲದ ಸಮುದಾಯಗಳ ಸಂಘಟನೆಯಾದ ಸೌತ್‌ವೆಸ್ಟ್ ಆರ್ಗನೈಸಿಂಗ್ ಪ್ರಾಜೆಕ್ಟ್ ಮತ್ತು ಅದರ ಜೊತೆಗಾರರು ಅಮೆರಿಕದ ಹತ್ತು ದೊಡ್ಡ ಪರಿಸರ ಸಂಸ್ಥೆಗಳಿಗೆ ಬಹಿರಂಗ ಪತ್ರ ಬರೆದು, ನಮ್ಮ ಊರುಗಳ ಬಗ್ಗೆ ತೀರ್ಮಾನ ಮಾಡುವ ನಿಮ್ಮ ಕಚೇರಿಗಳಲ್ಲಿ ನಮ್ಮವರು ಯಾಕಿಲ್ಲ ಎಂಬ ಅರ್ಥದ ಪ್ರಶ್ನೆ ಎತ್ತಿದರು. ಆ ಪತ್ರದ 24 ವರ್ಷಗಳ ನಂತರ, 2014ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ಡಾರ್ಸೆಟಾ ಟೇಲರ್ 191 ಸಂರಕ್ಷಣಾ ಸಂಸ್ಥೆಗಳು, 74 ಸರ್ಕಾರಿ ಪರಿಸರ ಇಲಾಖೆಗಳು ಮತ್ತು 28 ದತ್ತಿ ಪ್ರತಿಷ್ಠಾನಗಳನ್ನು ಅಧ್ಯಯನ ಮಾಡಿ ವರದಿ ಪ್ರಕಟಿಸಿದರು. ಸಿಬ್ಬಂದಿಯಲ್ಲಿ ಬಿಳಿಯರಲ್ಲದವರ ಪಾಲು 12ರಿಂದ 16 ಪ್ರತಿಶತದ ಹತ್ತಿರವೇ ನಿಂತಿತ್ತು. ಅದಕ್ಕಿಂತ ಮೇಲೇರಲು ಬಿಡದ ಈ ಮಿತಿಯನ್ನು ಅವರು ಹಸಿರು ಚಾವಣಿ ಎಂದು ಕರೆದರು. ಮಹಿಳೆಯರ ಸಂಖ್ಯೆ ಹೆಚ್ಚಿತ್ತು, ಆದರೆ ಆ ಲಾಭ ಬಹುಪಾಲು ಬಿಳಿಯ ಮಹಿಳೆಯರಿಗೇ ಸಂದಿತ್ತು. ವೈವಿಧ್ಯ ಬೇಕೆಂದು ಬಾಯಲ್ಲಿ ಹೇಳುವ ಸಂಸ್ಥೆಗಳಿಗೆ ಕೊರತೆಯಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ಟೇಲರ್ ಅವರು ಗುರುತಿಸಿದ ಕಾರಣ. ಖಾಲಿ ಹುದ್ದೆಯ ಸುದ್ದಿ ಬಾಯಿಂದ ಬಾಯಿಗೆ, ಪರಿಚಿತರ ಬಳಗದೊಳಗೇ ಹರಡುತ್ತಿತ್ತು. ಇಂಟರ್ನ್‌ಶಿಪ್ ಮಾಡಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿಯಿದ್ದರೂ, ಅಲ್ಪಸಂಖ್ಯಾತ ಸಮುದಾಯದವರನ್ನು ಆ ದಾರಿಯಿಂದ ತರುವುದು ನಡೆಯುತ್ತಿರಲಿಲ್ಲ. ಯಾರೂ ಕೆಟ್ಟ ಮನಸ್ಸಿನವರಾಗಬೇಕಿಲ್ಲ: ಕಚೇರಿಯಲ್ಲಿ ಕೂತವರು ತಮ್ಮ ಗೆಳೆಯರಿಗೆ ಒಂದು ಮಾತು ಹೇಳಿದರೆ ಸಾಕು, ಬಳಗ ಯಾವುದೋ ಸಿಬ್ಬಂದಿಯೂ ಅದೇ ಆಗುತ್ತದೆ.

ನಮ್ಮ ಓದುಗರು ಇಲ್ಲಿ ಸಾಮಾನ್ಯವಾಗಿ ಎಡವುತ್ತಾರೆ; ನಾನೂ ಎಡವಿದ್ದೆ. ವೈವಿಧ್ಯ ನೇಮಕಾತಿ ಎಂದ ಕೂಡಲೇ ನಮಗೆ ಮೀಸಲಾತಿ ಹೊಳೆಯುತ್ತದೆ. ನಮ್ಮ ಸಂವಿಧಾನದ 16ನೇ ವಿಧಿಯು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕಲ್ಪಿಸಲು ಅವಕಾಶ ಕೊಟ್ಟಿದೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯವಾದರೋ ಉದ್ಯೋಗದಾತರು ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರಮೂಲಗಳ ಆಧಾರದಲ್ಲಿ ಭೇದ ಮಾಡುವುದನ್ನೇ ನಿಷೇಧಿಸುತ್ತದೆ. ಆದ್ದರಿಂದ ಅಲ್ಲಿಯ ಪರಿಸರ ಸಂಸ್ಥೆಯೊಂದು ಇಷ್ಟು ಹುದ್ದೆ ಇಂಥವರಿಗೆ ಎಂದು ಎತ್ತಿಡುವಂತಿಲ್ಲ. ಅದು ಮಾಡಬಹುದಾದದ್ದು ಅರ್ಜಿ ಹಾಕುವವರ ಬಳಗವನ್ನು ಹಿಗ್ಗಿಸುವುದು: ಜಾಹೀರಾತನ್ನು ಹೊಸ ಕಾಲೇಜುಗಳಿಗೆ ಮುಟ್ಟಿಸುವುದು, ಕೆಲಸಕ್ಕೆ ಬೇಕಿಲ್ಲದ ಅರ್ಹತೆಗಳನ್ನು ಕೈಬಿಡುವುದು, ಸಂಬಳವನ್ನು ಜಾಹೀರಾತಿನಲ್ಲೇ ಬರೆಯುವುದು, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು ಕೇಳುವುದು. 2025ರ ಜನವರಿಯಲ್ಲಿ ಅಲ್ಲಿಯ ಕೇಂದ್ರ ಸರ್ಕಾರವು ತನ್ನ ಇಲಾಖೆಗಳ ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸುವ ಆದೇಶ ಹೊರಡಿಸಿದ ಮೇಲೆ, ಈ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳದೆ ಅಲ್ಲಿಯ ಚರ್ಚೆಯನ್ನು ಓದಲಾಗದು.

ಮೆಟ್ಟಿಲುಗಳ ಮಾತು ಹೇಳಿದೆನಲ್ಲ, ಅದಕ್ಕೊಂದು ಒಳ್ಳೆಯ ನಿದರ್ಶನ ಅಮೆರಿಕದ ಪಬ್ಲಿಕ್ ಲ್ಯಾಂಡ್ಸ್ ಕೋರ್, ಅಂದರೆ ಸರ್ಕಾರಿ ಕಾಡು, ಉದ್ಯಾನಗಳಲ್ಲಿ ಯುವಜನರು ದುಡಿಯುವ ಸಾರ್ವಜನಿಕ ಭೂಮಿ ಪಡೆಯ ನಿಯಮ. 16ರಿಂದ 30 ವರ್ಷದೊಳಗಿನವರು ಅರ್ಹ ಸಂರಕ್ಷಣಾ ಯೋಜನೆಗಳಲ್ಲಿ ಕನಿಷ್ಠ 640 ಗಂಟೆ ದುಡಿದು ಮುಗಿಸಿದರೆ, ಮುಂದೆ ಎರಡು ವರ್ಷಗಳ ಕಾಲ ಉದ್ಯಾನ ಸೇವೆಯಂಥ ಇಲಾಖೆಗಳ ಹುದ್ದೆಗಳಿಗೆ ಮುಕ್ತ ಸ್ಪರ್ಧೆಯ ಹೊರಗೆ ಪರಿಗಣಿಸಲ್ಪಡುವ ಅವಕಾಶ ಸಿಗುತ್ತದೆ. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿದರೆ ಇದು 16 ವಾರ, ಅಂದರೆ ಒಂದು ಬೇಸಿಗೆ ರಜೆ ಮತ್ತು ಇನ್ನೊಂದರ ಸ್ವಲ್ಪ ಭಾಗ. ನಿಯಮದಲ್ಲಿ ಜನಾಂಗದ ಪ್ರಸ್ತಾಪವೇ ಇಲ್ಲ. ಆದರೆ ಆ 640 ಗಂಟೆಗಳಿಗೆ ಕೂಲಿ ಸಿಕ್ಕರೆ ಪಿಟ್ಸ್‌ಬರ್ಗ್‌ನ ಬಡ ಬಡಾವಣೆಯ ಹುಡುಗಿಯೂ ಆ ದಾರಿ ಹಿಡಿಯಬಲ್ಲಳು, ಸಿಗದಿದ್ದರೆ ಹಿಡಿಯಲಾರಳು.

ಇದನ್ನು ಓದುವಾಗಲೆಲ್ಲ ಉತ್ತರ ಕನ್ನಡದ ಒಂದು ಪ್ರಕೃತಿ ಶಿಬಿರ ನನ್ನ ಕಣ್ಣ ಮುಂದೆ ಬರುತ್ತದೆ. ಬೆಳಿಗ್ಗೆ ಕಾಡಿನ ದಾರಿಯಲ್ಲಿ ನಡೆಯುತ್ತಿದ್ದಾಗ ತಲೆಯ ಮೇಲೆ ಬುಸ್ ಬುಸ್ ಎಂಬ ಸದ್ದು ಬಂತು. ನಾವೆಲ್ಲ ಬೈನಾಕ್ಯುಲರ್ ಎತ್ತುವಷ್ಟರಲ್ಲಿ, ದಿನಗೂಲಿ ವಾಚರ್ ಒಬ್ಬರ ಮಗ ತಲೆ ಎತ್ತದೆಯೇ ‘ಮಂಗಟ್ಟೆ, ಎರಡು’ ಎಂದ. ಎರಡೇ ಇದ್ದವು. ರೆಕ್ಕೆಯ ಸದ್ದಿನಿಂದಲೇ ಎಣಿಸಿದ್ದ. ಅದೇ ಶಿಬಿರ ನಡೆಸಿದವರು ಮುಂದಿನ ವರ್ಷ ಕ್ಷೇತ್ರ ಸಹಾಯಕರ ಹುದ್ದೆಗೆ ಅರ್ಜಿ ಕರೆದಾಗ, ಅರ್ಜಿ ನಮೂನೆ ಇಂಗ್ಲಿಷಿನಲ್ಲಿತ್ತು, ಪದವಿ ಕಡ್ಡಾಯವಾಗಿತ್ತು, ಮೊದಲ ಮೂರು ತಿಂಗಳು ಸಂಬಳವಿರಲಿಲ್ಲ. ಆ ಹುಡುಗ ಶಿಬಿರಕ್ಕೆ ಬಂದಿದ್ದ, ಅವನ ಫೋಟೊ ವಾರ್ಷಿಕ ವರದಿಯಲ್ಲಿ ಅಚ್ಚಾಗಿತ್ತು; ಅರ್ಜಿ ಮಾತ್ರ ಅವನ ಮನೆಗೆ ಹೋಗಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತಾವು ನೆಲದ ಒಣ ಎಲೆಗಳಿಗೆ ತರಗು ಬೆಂಕಿ ಹಾಕುತ್ತಿದ್ದ ಕಾಲದಲ್ಲಿ ಲಂಟಾನ ಕಳೆ ಹೀಗೆ ಹಬ್ಬಿರಲಿಲ್ಲ ಎನ್ನುತ್ತಾರೆ. ಇಂಥ ತಿಳಿವಳಿಕೆ ಸಂಶೋಧನಾ ಸಂಸ್ಥೆಯ ಮೇಜಿಗೆ ಬರಬೇಕಾದರೆ ಸೋಲಿಗರ ಮಕ್ಕಳು ಆ ಮೇಜಿನ ಸುತ್ತ ಕೂತಿರಬೇಕು. ಮಾಹಿತಿ ಕೊಟ್ಟು ಎದ್ದು ಹೋಗುವ ದಾರಿತೋರುಗರಾಗಿಯಷ್ಟೇ ಅಲ್ಲ.

ಪರೀಕ್ಷೆಗೂ ಕ್ಷೇತ್ರಕಾರ್ಯಕ್ಕೂ ಸಿದ್ಧರಾಗುತ್ತಿರುವವರಿಗೆ ನಾನು ರೂಢಿಸಿಕೊಂಡ ಒಂದು ಅಭ್ಯಾಸವನ್ನು ಹೇಳುತ್ತೇನೆ. ಯಾವುದಾದರೂ ಪರಿಸರ ಸಂಸ್ಥೆಯ ವಾರ್ಷಿಕ ವರದಿ ಮತ್ತು ಅದೇ ವರ್ಷದ ಅದರ ನೇಮಕಾತಿ ಜಾಹೀರಾತನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ವರದಿಯ ಚಿತ್ರಗಳಲ್ಲಿ ಇರುವ ಮಕ್ಕಳು ಜಾಹೀರಾತಿನ ಷರತ್ತುಗಳನ್ನು ಪೂರೈಸಬಲ್ಲರೇ ಎಂದು ಒಂದೊಂದೇ ಸಾಲು ಓದಿ ನೋಡಿ. ಶಿಬಿರಕ್ಕೆ ಬಂದವರೆಷ್ಟು ಎಂಬ ಲೆಕ್ಕ ಎಲ್ಲ ವರದಿಗಳಲ್ಲೂ ಇರುತ್ತದೆ. ಅವರಲ್ಲಿ ಐದು ವರ್ಷದ ನಂತರ ಸಂಬಳದ ಪಟ್ಟಿಯಲ್ಲಿರುವವರೆಷ್ಟು, ಸೇರಿ ಬಿಟ್ಟುಹೋದವರೆಷ್ಟು, ಏಕೆ ಬಿಟ್ಟರು ಎಂಬ ಲೆಕ್ಕ ಇದೆಯೇ ಎಂದು ಹುಡುಕಿ. ಆಮೇಲೆ ಖರ್ಚಿನ ಪಟ್ಟಿಗೆ ಹೋಗಿ, ಹೊಸಬರ ಬೂಟು, ಬಸ್ ಚಾರ್ಜು ಮತ್ತು ಮೊದಲ ತಿಂಗಳ ಊಟಕ್ಕೆಂದು ತೆಗೆದಿಟ್ಟ ಸಾಲು ಎಲ್ಲಿದೆ ಎಂದು ಬೆರಳಿಟ್ಟು ನೋಡಿ.