ನೋವು ತಾನಾಗಿ ಹೋಗುತ್ತದೆ, ಡೊಂಕು ಹೋಗುವುದಿಲ್ಲ: ಪೆರೋನಿ ಕಾಯಿಲೆಯ ಚಿಕಿತ್ಸೆ ನಡೆದು ಬಂದ ದಾರಿ

ಐವತ್ತರ ಆಸುಪಾಸಿನ ಗಂಡಸರೊಬ್ಬರಿಗೆ ಶಿಶ್ನ ನಿಮಿರಿದಾಗ ನೋವು ಶುರುವಾಗುತ್ತದೆ. ಮುಟ್ಟಿ ನೋಡಿದರೆ ಚರ್ಮದ ಕೆಳಗೆ ಗಟ್ಟಿ ಗಂಟು. ಕೆಲವು ವಾರ ಕಳೆಯುವಷ್ಟರಲ್ಲಿ ಶಿಶ್ನ ಒಂದು ಕಡೆಗೆ ಬಾಗತೊಡಗುತ್ತದೆ. ಮೊದಲು ಹೊಳೆಯುವುದು ಕ್ಯಾನ್ಸರ್. ಆಮೇಲೆ ಬರುವ ಚಿಂತೆ, ಇದನ್ನು ಯಾರ ಹತ್ತಿರ ಹೇಳೋದು?

ಇದು ಕ್ಯಾನ್ಸರ್ ಅಲ್ಲ. ಅಂಟುರೋಗವೂ ಅಲ್ಲ. ಪೆರೋನಿ ಕಾಯಿಲೆ ಅಂತ ಇದಕ್ಕೆ ಹೆಸರು. ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ನೂರು ಗಂಡಸರಲ್ಲಿ ಸುಮಾರು 3ರಿಂದ 9 ಜನರಿಗೆ ಇದು ಕಂಡುಬಂದಿದೆ. ಅಂದರೆ ಅಪರೂಪದ ಕಾಯಿಲೆಯೇನಲ್ಲ. ಹೇಳಿಕೊಳ್ಳುವವರು ಮಾತ್ರ ಕಡಿಮೆ.

ಒಳಗೆ ಆಗುವುದು ಇಷ್ಟು. ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಗಳಿವೆ. ಅವುಗಳ ಸುತ್ತ ಬಿಗಿಯಾದ, ಆದರೆ ಹಿಗ್ಗುವ ಪೊರೆ ಇದೆ. ಸಂಭೋಗದ ವೇಳೆ ಈ ಪೊರೆಗೆ ಸಣ್ಣಪುಟ್ಟ ಪೆಟ್ಟು ಬೀಳುವುದುಂಟು. ಬಹಳ ಜನರಲ್ಲಿ ಅದು ಗೊತ್ತಾಗದೆ ಮಾಯುತ್ತದೆ. ಕೆಲವರಲ್ಲಿ ಮಾಯುವ ಕೆಲಸ ಹದ ತಪ್ಪಿ, ಅಲ್ಲಿ ಗಟ್ಟಿಯಾದ ಗಾಯದ ಕಲೆ ಬೆಳೆಯುತ್ತದೆ. ಪ್ಯಾಚ್ ಹಾಕಿದ ಸೈಕಲ್ ಟ್ಯೂಬಿಗೆ ಜಾಸ್ತಿ ಗಾಳಿ ಹೊಡೆದರೆ ಪ್ಯಾಚ್ ಇರುವ ಜಾಗ ಹಿಗ್ಗದೆ ಟ್ಯೂಬ್ ಆ ಕಡೆಗೇ ಸೊಟ್ಟಗಾಗುತ್ತದಲ್ಲ, ಇದೂ ಹಾಗೇ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಅಂಗೈ ನಾರು ಗಟ್ಟಿಯಾಗಿ ಬೆರಳು ಮಡಚಿಕೊಳ್ಳುವ ಡ್ಯುಪುಯಿಟ್ರೆನ್ ತೊಂದರೆ ಇರುವವರಲ್ಲಿ ಇದು ಹೆಚ್ಚು.

ಕಾಯಿಲೆಗೆ ಎರಡು ಹಂತ. ಮೊದಲ ಹಂತದಲ್ಲಿ ಉರಿಯೂತ ಇರುತ್ತದೆ, ನೋವಿರುತ್ತದೆ, ಡೊಂಕು ಬದಲಾಗುತ್ತಾ ಹೋಗುತ್ತದೆ. ಇದು ಹಲವು ತಿಂಗಳು, ಒಮ್ಮೊಮ್ಮೆ ಒಂದೂವರೆ ವರ್ಷದವರೆಗೂ ನಡೆಯುತ್ತದೆ. ಎರಡನೇ ಹಂತದಲ್ಲಿ ನೋವು ಅಡಗುತ್ತದೆ, ಡೊಂಕು ಇದ್ದಲ್ಲೇ ನಿಲ್ಲುತ್ತದೆ. ಈ ಎರಡು ಹಂತಗಳ ವ್ಯತ್ಯಾಸ ತಿಳಿಯದೆ ಯಾವ ಚಿಕಿತ್ಸೆ ಒಳ್ಳೆಯದು ಅಂತ ಹೋಲಿಸಲು ಹೊರಟರೆ ಮೋಸ ಹೋಗುವುದು ಖಂಡಿತ. ವೈದ್ಯರೇ ಇನ್ನೂರು ವರ್ಷಕ್ಕೂ ಮೇಲೆ ಮೋಸ ಹೋಗಿದ್ದಾರೆ.

ಹೆಸರು ಬಂದದ್ದು ಫ್ರಾನ್ಸ್‌ನ ಫ್ರಾಂಸ್ವಾ ಜಿಗೊ ದ ಲಾ ಪೆರೋನಿ ಅವರಿಂದ. ಮಾಂಟ್‌ಪೆಲಿಯೆ ಊರಿನವರು, ಹದಿನೈದನೇ ಲೂಯಿ ದೊರೆಯ ಮುಖ್ಯ ಶಸ್ತ್ರವೈದ್ಯ. ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದ ಶಸ್ತ್ರವೈದ್ಯರಿಗೆ ಪ್ರತ್ಯೇಕ ಸ್ಥಾನಮಾನ ಕೊಡಿಸಲು ದುಡಿದವರು. ಅವರು 1743ರಲ್ಲಿ ವೀರ್ಯ ಹೊರಬರಲು ಅಡ್ಡಿಯಾಗುವ ತೊಂದರೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಶಿಶ್ನದ ಉದ್ದಕ್ಕೂ ಜಪಮಾಲೆಯ ಮಣಿಗಳಂತೆ ಗಂಟುಗಳಿದ್ದದ್ದನ್ನು ವಿವರಿಸಿದರು. ಇಂಥ ಡೊಂಕನ್ನು ಇಟಲಿಯ ಫಲೋಪಿಯೊ ಅವರು 1561ರಲ್ಲೇ ಬರೆದಿಟ್ಟಿದ್ದರು. ಆದರೆ ಹೆಸರು ಉಳಿದದ್ದು ಪೆರೋನಿ ಅವರದು.

ಅವರು ಹೇಳಿದ ಮದ್ದು, ಪಿರನೀಸ್ ಬೆಟ್ಟಗಳಲ್ಲಿರುವ ಬಾರೆಜ್‌ನ ಬಿಸಿನೀರಿನ ಬುಗ್ಗೆ. ಅಲ್ಲಿನ ಖನಿಜದ ನೀರಿನಿಂದ ಗುಣವಾಗುತ್ತದೆ ಎಂದು ಅವರು ನಂಬಿದ್ದರು. ಸುಳ್ಳು ಹೇಳಿದರು ಅನ್ನುವಂತಿಲ್ಲ. ದೂರದ ಪ್ರಯಾಣ ಮಾಡಿ, ಕೆಲವು ಕಾಲ ಬುಗ್ಗೆಯ ನೀರು ಬಳಸಿ, ಊರಿಗೆ ಮರಳುವಷ್ಟರಲ್ಲಿ ರೋಗಿಯ ನೋವು ಇಳಿದಿದ್ದರೆ ಆಶ್ಚರ್ಯವಿಲ್ಲ. ಮನೆಯಲ್ಲೇ ಇದ್ದಿದ್ದರೂ ಇಳಿಯುತ್ತಿತ್ತು.

ಮುಂದೆ ಬಂದ ಮದ್ದುಗಳ ಕತೆಯೂ ಇದೇ. ಇಪ್ಪತ್ತನೇ ಶತಮಾನದಲ್ಲಿ ಗಂಟಿಗೆ ವಿಕಿರಣ ಕೊಟ್ಟರು. 1940ರ ದಶಕದ ಕೊನೆಯಲ್ಲಿ ವಿಟಮಿನ್ ಇ ಬಂತು. ಅಗ್ಗ, ಸುಲಭ, ಅಪಾಯವೂ ಕಡಿಮೆ ಅಂತ ದಶಕಗಟ್ಟಲೆ ಬರೆದುಕೊಟ್ಟರು. ಅಮೆರಿಕದಲ್ಲಿ ಪೊಟಾಬಾ ಎಂಬ ಔಷಧಿ ಬಂತು. ಅದರ ಪೂರ್ತಿ ಡೋಸು ದಿನಕ್ಕೆ 12 ಗ್ರಾಂ. ಅರ್ಧ ಗ್ರಾಂನ ಮಾತ್ರೆಯಾದರೆ ದಿನಕ್ಕೆ 24 ನುಂಗಬೇಕು, ಅದೂ ತಿಂಗಳುಗಟ್ಟಲೆ! ಹೊಟ್ಟೆ ಕೆಟ್ಟು ಎಷ್ಟೋ ಜನ ನಡುವೆಯೇ ಬಿಟ್ಟರು. ಆಮೇಲೆ ಸ್ತನ ಕ್ಯಾನ್ಸರಿಗೆ ಕೊಡುವ ಟಾಮೊಕ್ಸಿಫೆನ್, ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್. ಇಂಥ ಮದ್ದುಗಳು ಬಳಕೆಗೆ ಬಂದಾಗಲೆಲ್ಲ ನೋವು ಹೋಯಿತು ಎಂದವರು ಇದ್ದರು. ಎಲ್ಲಕ್ಕೂ ಸಾಕ್ಷಿ ಇತ್ತು. ಮದ್ದು ತೆಗೆದುಕೊಳ್ಳದವರ ಜೊತೆ ಹೋಲಿಸಿ ನೋಡುವುದು ಮಾತ್ರ ಬಹಳ ಕಾಲ ನಡೆಯಲಿಲ್ಲ.

ಆ ಹೋಲಿಕೆಗೆ ನೆಲೆ ಸಿಕ್ಕಿದ್ದು ತೀರಾ ಈಚೆಗೆ. 2006ರಲ್ಲಿ ಅಮೆರಿಕದ ಜಾನ್ ಮುಲ್‌ಹಾಲ್ ಮತ್ತು ಜೊತೆಗಾರರು ಚಿಕಿತ್ಸೆ ತೆಗೆದುಕೊಳ್ಳದ 246 ಗಂಡಸರ ಸ್ಥಿತಿ ಏನಾಯಿತು ಎಂದು ಪ್ರಕಟಿಸಿದರು. ನೋವಿದ್ದವರಲ್ಲಿ ಶೇ. 89 ಜನರಿಗೆ ಅದು ಪೂರ್ತಿ ಹೋಗಿತ್ತು. ಡೊಂಕಿನ ವಿಷಯ ಬೇರೆ. ಶೇ. 12 ಜನರಲ್ಲಿ ಕಡಿಮೆಯಾಗಿತ್ತು, ಶೇ. 40 ಜನರಲ್ಲಿ ಹಾಗೇ ಇತ್ತು, ಶೇ. 48 ಜನರಲ್ಲಿ ಹೆಚ್ಚಾಗಿತ್ತು.

ಈ ಅಂಕಿಗಳು ನನಗೆ ಬಹಳ ಮುಖ್ಯ ಅನ್ನಿಸುತ್ತವೆ. ಯಾವುದೇ ಮದ್ದಿನವರು ‘ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ನೋವು ಹೋಯಿತು’ ಅಂದರೆ, ಏನೂ ಮಾಡದಿದ್ದರೂ ಅಷ್ಟೇ ಜನರಿಗೆ ಹೋಗುತ್ತದೆ ಅಲ್ವಾ? ನಮ್ಮ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ‘ಗುಪ್ತರೋಗಕ್ಕೆ ಶಾಶ್ವತ ಪರಿಹಾರ’ ಅಂತ ಚೀಟಿ ಅಂಟಿಸುವವರ ಮದ್ದಿಗೂ ಈ ಕಾಯಿಲೆಯಲ್ಲಿ ಹೆಸರು ಬರುವುದು ಹೀಗೆಯೇ. ನಾಚಿಕೆಯಿಂದ ಅವರ ಹತ್ತಿರ ಹೋದವರು ದುಡ್ಡು ಕಳೆದುಕೊಳ್ಳುತ್ತಾರೆ, ಅದಕ್ಕಿಂತ ಮುಖ್ಯವಾಗಿ ಮೊದಲ ಕೆಲವು ತಿಂಗಳನ್ನು ಕಳೆದುಕೊಳ್ಳುತ್ತಾರೆ. ಅದು ನಿಜಕ್ಕೂ ಸಂಕಟದ ವಿಷಯ.

ಅಮೆರಿಕದ ಮೂತ್ರರೋಗ ತಜ್ಞರ ಸಂಘ 2015ರಲ್ಲಿ ಹೊರತಂದ ಮಾರ್ಗಸೂಚಿ ಈ ವಿಷಯದಲ್ಲಿ ನೇರವಾಗಿದೆ. ವಿಟಮಿನ್ ಇ, ಟಾಮೊಕ್ಸಿಫೆನ್, ಒಮೆಗಾ 3 ಮಾತ್ರೆಗಳನ್ನು ಕೊಡಬೇಡಿ. ವಿಕಿರಣ ಬೇಡ. ಮೊದಲ ಹಂತದಲ್ಲಿ ನೋವಿಗೆ ಮಾಮೂಲಿ ನೋವು ನಿವಾರಕ ಮಾತ್ರೆ ಕೊಡಬಹುದು. ಹೊರಗಿನಿಂದ ಧ್ವನಿತರಂಗದ ಹೊಡೆತ ಕೊಡುವ ಶಾಕ್‌ವೇವ್ ಚಿಕಿತ್ಸೆಯಿಂದ ನೋವು ಬೇಗ ಇಳಿಯಬಹುದು, ಆದರೆ ಡೊಂಕು ನೆಟ್ಟಗಾಗಲಿ ಅಂತ ಅದನ್ನು ಬಳಸಬೇಡಿ. ದುಬಾರಿ ಪ್ಯಾಕೇಜ್ ಮಾಡಿ ಶಾಕ್‌ವೇವ್ ಮಾರುವವರು ಈ ಕೊನೆಯ ಮಾತನ್ನು ರೋಗಿಗೆ ಹೇಳಬೇಕು.

ಡೊಂಕಿನ ಮೇಲೆಯೇ ಕೆಲಸ ಮಾಡುವ ಮದ್ದು ಹುಡುಕುತ್ತಾ ವೈದ್ಯರು ಇಂಜೆಕ್ಷನ್ನಿಗೆ ಬಂದರು. 1950ರ ದಶಕದಲ್ಲಿ ಸ್ಟೀರಾಯ್ಡ್, 1990ರ ದಶಕದಲ್ಲಿ ಬಿಪಿಗೆ ಬಳಸುವ ವೆರಪಾಮಿಲ್, ಆಮೇಲೆ ಇಂಟರ್‌ಫೆರಾನ್. ಹೆಚ್ಚು ಗಟ್ಟಿಯಾದ ಪುರಾವೆ ಸಿಕ್ಕಿದ್ದು ಕೊಲಾಜಿನೇಸ್‌ಗೆ. ಗಾಯದ ಕಲೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನಿನಿಂದ ಆದದ್ದು. ಅದನ್ನು ಕರಗಿಸುವ ಈ ಕಿಣ್ವ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಮಾರ್ಟಿನ್ ಗೆಲ್ಬಾರ್ಡ್ ಎಂಬ ವೈದ್ಯರು 1980ರ ದಶಕದ ಆರಂಭದಲ್ಲೇ ಇದರ ಪ್ರಯೋಗ ಶುರು ಮಾಡಿದ್ದರು. ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2013ರ ಡಿಸೆಂಬರಿನಲ್ಲಿ. 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಾಗಿದ್ದು, ಗಂಟು ಕೈಗೆ ಸಿಗುವಂತಿದ್ದವರಿಗೆ ಮಾತ್ರ.

ಇದನ್ನು ಕೊಡುವ ಕ್ರಮ ಹೀಗಿದೆ. ಡೊಂಕು ಅತಿ ಹೆಚ್ಚಿರುವ ಜಾಗವನ್ನು ಗುರುತು ಮಾಡಿ ಸಣ್ಣ ಸೂಜಿಯಿಂದ ಗಂಟಿನೊಳಕ್ಕೆ ಮದ್ದು ಬಿಡುತ್ತಾರೆ. ಒಂದರಿಂದ ಮೂರು ದಿನ ಬಿಟ್ಟು ಇನ್ನೊಂದು ಇಂಜೆಕ್ಷನ್. ಅದಾದ ಮೇಲೆ ವೈದ್ಯರು ಶಿಶ್ನವನ್ನು ಡೊಂಕಿನ ವಿರುದ್ಧ ದಿಕ್ಕಿಗೆ ಬಾಗಿಸಿ ಅರ್ಧ ನಿಮಿಷ ಹಿಡಿಯುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಮನೆಯಲ್ಲಿ ರೋಗಿ ವಾರಗಟ್ಟಲೆ ದಿನಾ ಮೆಲ್ಲಗೆ ಎಳೆದು ನೆಟ್ಟಗೆ ಮಾಡಬೇಕು. ಸುಮಾರು ಆರು ವಾರಕ್ಕೊಂದು ಸುತ್ತಿನಂತೆ ಹೆಚ್ಚೆಂದರೆ ನಾಲ್ಕು ಸುತ್ತು. ಕೆಲವು ವಾರ ಸಂಭೋಗ ಬಂದ್. ಬಾವು, ನೀಲಿಗಟ್ಟುವುದು ಮಾಮೂಲಿ. ಅಪರೂಪಕ್ಕೆ ಪೊರೆಯೇ ಹರಿಯುವುದುಂಟು. ಪ್ರಯೋಗಗಳಲ್ಲಿ 1,044 ಜನರಲ್ಲಿ 5 ಜನರಿಗೆ ಹಾಗಾಗಿತ್ತು.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದೇನು? ಮುಖ್ಯವಾದ ಎರಡು ಪ್ರಯೋಗಗಳಲ್ಲಿ ಡೊಂಕು ಸರಾಸರಿ 17 ಡಿಗ್ರಿ ಇಳಿಯಿತು. ಬರೀ ಹುಸಿಮದ್ದು ಚುಚ್ಚಿಸಿಕೊಂಡವರಲ್ಲೂ 9 ಡಿಗ್ರಿ ಇಳಿದಿತ್ತು. ಹಾಗಾದರೆ ಮದ್ದಿನದ್ದೇ ಲೆಕ್ಕ ಹಿಡಿದರೆ ಸುಮಾರು 8 ಡಿಗ್ರಿ. 50 ಡಿಗ್ರಿ ಬಾಗಿದ್ದವರಿಗೆ ಸಂಭೋಗ ಸಾಧ್ಯವಾಗುವಷ್ಟು ವ್ಯತ್ಯಾಸ ಇದರಿಂದ ಆಗಬಹುದು. ಪೂರ್ತಿ ನೆಟ್ಟಗಾಗುತ್ತದೆ ಅಂತ ನಂಬಿ ಹೋದವರಿಗೆ ನಿರಾಸೆಯಾಗುತ್ತದೆ. ಯುರೋಪಿನಲ್ಲಿ 2020ರ ಹೊತ್ತಿಗೆ ಇದನ್ನು ವ್ಯಾಪಾರದ ಕಾರಣಕ್ಕೆ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು.

ಎಳೆದು ಹಿಡಿಯುವ ಸಾಧನ, ಅಂದರೆ ಟ್ರ್ಯಾಕ್ಷನ್, ಇನ್ನೊಂದು ದಾರಿ. ಹಳೆಯ ಸಾಧನಗಳನ್ನು ದಿನಕ್ಕೆ ಹಲವು ಗಂಟೆ ಕಟ್ಟಿಕೊಳ್ಳಬೇಕಿತ್ತು. ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯವರು ದಿನಕ್ಕೆ 30ರಿಂದ 90 ನಿಮಿಷ ಬಳಸುವ ಹೊಸ ಸಾಧನದ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳಲ್ಲಿ ಡೊಂಕು ಸರಾಸರಿ ಸುಮಾರು 12 ಡಿಗ್ರಿ ಕಡಿಮೆಯಾಗಿ, ಉದ್ದ ಒಂದೂವರೆ ಸೆಂ.ಮೀ. ಹೆಚ್ಚಿತ್ತು. ಸಾಧನದ ಹಿಂದೆ ಇದ್ದವರೂ ಅದೇ ಸಂಸ್ಥೆಯವರು ಎನ್ನುವುದನ್ನು ಮರೆಯಬಾರದು. ಆದರೂ ಚುಚ್ಚದೆ ಕೊಯ್ಯದೆ ಮಾಡುವ ಚಿಕಿತ್ಸೆಗೆ ಇದು ಕಡಿಮೆ ಫಲವಲ್ಲ.

ಡೊಂಕು ಖಚಿತವಾಗಿ ಹೋಗಬೇಕೆಂದರೆ ಈಗಲೂ ಆಪರೇಷನ್ನೇ. ಮಿಷಿಗನ್ ವಿಶ್ವವಿದ್ಯಾಲಯದ ರೀಡ್ ನೆಸ್‌ಬಿಟ್ 1965ರಲ್ಲಿ ಹುಟ್ಟಿನಿಂದ ಬಂದ ಡೊಂಕಿಗೆ ಒಂದು ಉಪಾಯ ತೋರಿಸಿದರು. ಬಾಗಿರುವ ಬದಿಯನ್ನು ಮುಟ್ಟದೆ ಎದುರು ಬದಿಯ ಪೊರೆಯನ್ನೇ ಅಷ್ಟು ಚಿಕ್ಕದು ಮಾಡಿ ಹೊಲಿಯುವುದು. 1970ರ ದಶಕದ ಕೊನೆಗೆ ಇದನ್ನು ಪೆರೋನಿ ಕಾಯಿಲೆಗೂ ಬಳಸತೊಡಗಿದರು. ಬಹಳ ಜನರಿಗೆ ಶಿಶ್ನ ನೆಟ್ಟಗಾಗುತ್ತದೆ, ನಿಮಿರುವ ಶಕ್ತಿ ಉಳಿಯುತ್ತದೆ, ಆದರೆ ಉದ್ದ ಕಡಿಮೆಯಾಗುತ್ತದೆ. ಡೊಂಕು ತೀರಾ ಜಾಸ್ತಿ ಇದ್ದರೆ, ಅಥವಾ ನಡುವೆ ಸೊರಗಿ ಡಮರುವಿನ ಆಕಾರ ಬಂದಿದ್ದರೆ, ಕಲೆಯನ್ನು ಸೀಳಿ ಅಲ್ಲಿಗೆ ತೇಪೆ ಹಾಕುತ್ತಾರೆ. ಇದರಲ್ಲಿ ಉದ್ದ ಉಳಿಸಬಹುದು. ಆದರೆ ಆಮೇಲೆ ನಿಮಿರುವ ಶಕ್ತಿ ಕುಂದುವ ಮತ್ತು ಸ್ಪರ್ಶ ಮಂದವಾಗುವ ಅಪಾಯ ಹೆಚ್ಚು. ಡೊಂಕಿನ ಜೊತೆಗೆ ಮಾತ್ರೆಗೂ ಬಗ್ಗದ ನಿಮಿರು ದೌರ್ಬಲ್ಯ ಇದ್ದರೆ ಒಳಗೆ ಕೃತಕ ಸಾಧನ ಕೂರಿಸುವುದೇ ಸರಿಯಾದ ದಾರಿ, ಎರಡೂ ಒಟ್ಟಿಗೆ ಪರಿಹಾರವಾಗುತ್ತವೆ. ಮುಂಬೈಯ ಡಾ. ರೂಪಿನ್ ಶಾ ರೂಪಿಸಿದ ದೇಶಿ ಸಾಧನವೂ ಇದೆ.

ಯಾವ ಆಪರೇಷನ್ ಆದರೂ ನೋವಿರುವ ಮೊದಲ ಹಂತದಲ್ಲಿ ಮಾಡಬಾರದು. ಶುರುವಾಗಿ ಒಂದು ವರ್ಷವಾದರೂ ಆಗಿರಬೇಕು, ಕೊನೆಯ ಮೂರರಿಂದ ಆರು ತಿಂಗಳು ಡೊಂಕು ಬದಲಾಗದೆ ಇರಬೇಕು. ಇಲ್ಲದಿದ್ದರೆ ನೆಟ್ಟಗೆ ಹೊಲಿದ ಮೇಲೂ ಕಾಯಿಲೆ ಬೆಳೆದು ಮತ್ತೆ ಬಾಗುತ್ತದೆ.

ಅದಕ್ಕೇ ನೋವು ಶುರುವಾದ ತಿಂಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಿಮಿರಿದಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಯೂರಾಲಜಿಸ್ಟ್‌ಗೆ ತೋರಿಸಿ. ನಾಚಿಕೊಳ್ಳಬೇಕಿಲ್ಲ, ಅವರೇ ಕೇಳುತ್ತಾರೆ. ಕೆಲವು ತಿಂಗಳ ನಂತರ ಅದೇ ರೀತಿ ಇನ್ನೆರಡು ತೆಗೆಯಿರಿ. ಡೊಂಕು ನಿಂತಿದೆಯೋ ಇನ್ನೂ ಬೆಳೆಯುತ್ತಿದೆಯೋ ಗೊತ್ತಾಗುವುದು ಹಾಗೆ. ಚಿಕಿತ್ಸೆಗೆ ಇಳಿಯುವ ಮೊದಲು ವೈದ್ಯರು ಇಂಜೆಕ್ಷನ್ ಕೊಟ್ಟು ನಿಮಿರಿಸಿ ಕೋನ ಅಳೆಯುತ್ತಾರೆ. ಯಾವ ಚಿಕಿತ್ಸೆ ಹೇಳಿದರೂ ಅವರನ್ನು ಎರಡು ಪ್ರಶ್ನೆ ಕೇಳಿ. ಇದು ನೋವಿಗೋ ಡೊಂಕಿಗೋ? ಸುಮ್ನೆ ಕಾದರೆ ಏನಾಗುತ್ತದೆ?