ಹೆಸರಿಲ್ಲದ ಡಬ್ಬಿಯ ಮದ್ದು

"ಹತ್ತು ಪರ್ಸೆಂಟ್ ಕಡಿಮೆ ಹಾಕಿ ಶುರು ಮಾಡಿದರಾಯಿತು ಬಿಡಿ."

ಅಮೆರಿಕದಲ್ಲಿ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸ ದೊಡ್ಡದು. ಅದಕ್ಕೆ ಹೊಸದಾಗಿ ಇಳಿದವರು ಈ ಮಾತನ್ನು ಎಷ್ಟು ಸಲ ಹೇಳುತ್ತಾರೋ ಲೆಕ್ಕವಿಲ್ಲ. ಅದರ ಹಿಂದಿನ ಕಥೆಯೂ ಹೆಚ್ಚುಕಮ್ಮಿ ಒಂದೇ. ಗನ್ ಷೋನಲ್ಲೋ, ತೀರಿಕೊಂಡ ಯಾರದೋ ಗ್ಯಾರೇಜಿನ ಸಾಮಾನು ಮಾರುವಲ್ಲೋ ಎಂಟು ಪೌಂಡು ಮದ್ದಿನ (ಗನ್ ಪೌಡರಿನ) ಡಬ್ಬಿಯೊಂದು ಅರ್ಧ ಬೆಲೆಗೆ ಸಿಕ್ಕಿರುತ್ತದೆ. ಮೂಲ ಲೇಬಲ್ ಇಲ್ಲ. ಟೇಪಿನ ತುಂಡೊಂದರ ಮೇಲೆ ಪೆನ್ನಿನಲ್ಲಿ "ಮಿಲಿಟರಿ ಸರ್‌ಪ್ಲಸ್, 4895 ತರಹ" ಎಂದು ಬರೆದಿರುತ್ತದೆ, ಅಂದರೆ ಸೇನೆ ಹೆಚ್ಚಾಯಿತೆಂದು ಮಾರಿದ ಮದ್ದು, 4895 ಎಂಬ ರೈಫಲ್ ಮದ್ದಿನ ಹಾಗೆ. ಕೊಂಡವರಲ್ಲಿ ನಮ್ಮ ಕನ್ನಡದ ಹುಡುಗರೂ ಇರುತ್ತಾರೆ. ಕಾಸು ಉಳಿಸುವ ಲೆಕ್ಕದಲ್ಲಿ ನಾವು ಯಾರಿಗೂ ಕಡಿಮೆಯವರಲ್ಲವಷ್ಟೆ.

ಪ್ರೆಸ್ಸು, ಡೈ, ಕೇಸಿನ (ತೋಟಾದ ಲೋಹದ ಕವಚದ) ಉದ್ದ ಸರಿಪಡಿಸುವುದು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಕೂರಿಸುವುದು ಇವನ್ನೆಲ್ಲ ಇಲ್ಲಿ ಬಿಡುತ್ತೇನೆ. ಅವು ಎಲ್ಲ ಕೈಪಿಡಿಗಳಲ್ಲೂ ಇವೆ, ಜನ ಓದಿಯೂ ಇರುತ್ತಾರೆ. ಎಡವುವುದು ಆ ಹತ್ತು ಪರ್ಸೆಂಟಿನಲ್ಲಿ.

ಆ ನಿಯಮ ಸುಳ್ಳಲ್ಲ. ಕೈಪಿಡಿಯಲ್ಲಿ ಕೊಟ್ಟ ಗರಿಷ್ಠ ಅಳತೆಗಿಂತ ಹತ್ತು ಪರ್ಸೆಂಟ್ ಕೆಳಗಿನಿಂದ ಹೊರಟು, ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕೆಂದು ಎಲ್ಲರೂ ಕಲಿಸುತ್ತಾರೆ. ಆದರೆ ಅದು ಮದ್ದು ಯಾವುದೆಂದು ಗೊತ್ತಿರುವಾಗಿನ ಮಾತು. ನಿಮ್ಮ ರೈಫಲಿನಲ್ಲಿ ತೋಟಾ ಕೂರುವ ಚೇಂಬರು, ನಿಮ್ಮ ಕೇಸು, ನಿಮ್ಮ ಗುಂಡು ಕೈಪಿಡಿಯವರು ಬಳಸಿದ್ದಕ್ಕಿಂತ ಒಂದಿಷ್ಟು ಬೇರೆ ಇರುತ್ತವಲ್ಲ, ಆ ಸಣ್ಣ ವ್ಯತ್ಯಾಸವನ್ನು ನುಂಗಿಕೊಳ್ಳಲು ಬಿಟ್ಟ ಅಂತರ ಅದು. ಮದ್ದೇ ಬೇರೆಯಾದರೆ ಅದರಿಂದ ಏನೂ ಉಪಯೋಗವಿಲ್ಲ. ಯಾವುದರ ಹತ್ತು ಪರ್ಸೆಂಟ್ ಎಂಬುದೇ ಗೊತ್ತಿಲ್ಲದ ಮೇಲೆ ಕಳೆಯುವುದು ಯಾವುದರಿಂದ?

ಲೆಕ್ಕ ಹಾಕಿಯೇ ನೋಡೋಣ. ಮುಂದೆ ಬರುವ ಅಂಕಿಗಳು ವಿಷಯ ತಿಳಿಯಲು ಮಾತ್ರ, ತುಂಬುವ ಅಳತೆಗಳೆಂದು ಯಾರೂ ಎತ್ತಿಕೊಳ್ಳಬೇಡಿ. .30-06 ರೈಫಲ್ ಕೇಸಿಗೆ ಮಧ್ಯಮ ವೇಗದಲ್ಲಿ ಉರಿಯುವ ರೈಫಲ್ ಮದ್ದು ಸುಮಾರು 50 ಗ್ರೇನ್ ಹಿಡಿಯುತ್ತದೆ. 7000 ಗ್ರೇನಿಗೆ ಒಂದು ಪೌಂಡು. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಮಿಗೆ ಒಂದು ಕೂದಲು ಕಡಿಮೆ. .38 ಸ್ಪೆಷಲ್ ರಿವಾಲ್ವರಿಗೆ ಬೇಗ ಉರಿಯುವ ಪಿಸ್ತೂಲ್ ಮದ್ದು ಮೂರೋ ನಾಲ್ಕೋ ಗ್ರೇನ್ ಸಾಕು. ಅಷ್ಟಕ್ಕೇ ಒತ್ತಡ ಅದರ ಮಿತಿಯಾದ 17,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡು) ಆಸುಪಾಸಿಗೆ ಹೋಗುತ್ತದೆ. ಈಗ ಟೇಪು ಹಚ್ಚಿದ ಡಬ್ಬಿಯಲ್ಲಿರುವುದು ಪಿಸ್ತೂಲ್ ಮದ್ದು ಎಂದಿಟ್ಟುಕೊಳ್ಳಿ. ಹುಷಾರಾಗಿ ಹತ್ತು ಪರ್ಸೆಂಟ್ ಕಳೆದು 45 ಗ್ರೇನ್ ತುಂಬಿದಿರಿ. ರಿವಾಲ್ವರಿಗೆ ಸಾಕಾಗುವುದರ ಹತ್ತು ಪಟ್ಟಿಗಿಂತ ಹೆಚ್ಚು ಒಳಗೆ ಹೋಯಿತು. ಅಮೆರಿಕದ ಉದ್ಯಮ ಮಾನದಂಡದಲ್ಲಿ .30-06ಗೆ ಇರುವ ಮಿತಿ 60,000 ಪಿಎಸ್‌ಐ. ಆ ಮಿತಿ ಎಲ್ಲೋ ಹಿಂದೆಯೇ ಉಳಿದುಬಿಡುತ್ತದೆ. ಒಡೆಯುವುದು ತೋಟಾದ ಹಿಂದೆ ಬಾಗಿಲಿನಂತೆ ಕೂರುವ ಬೋಲ್ಟಿನ ಹಿಡಿತವೋ ಅದನ್ನು ಹೊತ್ತ ರಿಸೀವರೋ, ಕೆನ್ನೆ ಮಾತ್ರ ಅದರ ಪಕ್ಕದಲ್ಲೇ ಇರುತ್ತದೆ.

"ಹಾಗಾದರೆ ಅರ್ಧಕ್ಕೇ ಇಳಿಸುತ್ತೇನೆ" ಎನ್ನುವವರಿದ್ದಾರೆ. ಪಿಸ್ತೂಲ್ ಮದ್ದಾದರೆ ಅರ್ಧವೂ ಅತಿಯೇ. ಅದು ತೀರಾ ನಿಧಾನದ ಮದ್ದಾಗಿದ್ದರೆ ತಾಪತ್ರಯ ಇನ್ನೊಂದು ಕಡೆಯಿಂದ ಬರುತ್ತದೆ. .50 ಮೆಷಿನ್ ಗನ್ನಿಗೂ 20 ಮಿ.ಮೀ. ಫಿರಂಗಿಗೂ ಮಾಡಿದ ಡಬ್ಲ್ಯುಸಿ 860, ಡಬ್ಲ್ಯುಸಿ 872 ಎಂಬ ಬಾಲ್ ಪೌಡರುಗಳು (ಗುಂಡುಕಾಳಿನ ಮದ್ದುಗಳು) ಸರ್‌ಪ್ಲಸ್ ಪೇಟೆಯಲ್ಲಿ ಬೇಕಾದಷ್ಟು ಓಡಾಡಿವೆ. ಅಂಥದ್ದನ್ನು ಸಣ್ಣ ಕೇಸಿಗೆ ಅರ್ಧ ತುಂಬಿದರೆ ಸರಿಯಾಗಿ ಹೊತ್ತಿಕೊಳ್ಳುವುದೇ ಇಲ್ಲ. ಬಂದೂಕಿನ ಕುದುರೆ ಎಳೆದ ಮೇಲೆ ಒಂದು ಕ್ಷಣ ತಡೆದು ಢಂ ಎನ್ನಬಹುದು, ಇಲ್ಲವೇ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. ಅದು ಗೊತ್ತಾಗದೆ ಮುಂದಿನ ತೋಟಾ ಹಾರಿಸಿದಾಗಲೇ ನಳಿಗೆ ಉಬ್ಬುವುದು, ಸೀಳುವುದು. ನಿಧಾನದ ಮದ್ದನ್ನು ತೀರ ಕಡಿಮೆ ತುಂಬಿದಾಗ ಒತ್ತಡ ಒಮ್ಮೆಲೇ ಏರಿದ್ದೂ ಉಂಟೆನ್ನುತ್ತಾರೆ. ಅದಕ್ಕೆ ಕಾರಣವೇನೆಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ, ಹಾಗಾಗಿ ಅದನ್ನು ಅಲ್ಲಿಗೇ ಬಿಡುತ್ತೇನೆ. ಕಡಿಮೆ ಹಾಕುವುದು ಕ್ಷೇಮದ ದಿಕ್ಕು ಎಂಬ ನಂಬಿಕೆಯೇ ಇಲ್ಲಿ ಕೈಕೊಡುತ್ತದೆ.

ಕಣ್ಣಿಗೆ ಕಂಡದ್ದನ್ನು ನಂಬುವವರದು ಇನ್ನೊಂದು ಬಗೆ. ಕೈಪಿಡಿಯ ಚಿತ್ರದ ಪಕ್ಕದಲ್ಲಿ ನಾಲ್ಕು ಕಾಳು ಇಟ್ಟು "ಥೇಟ್ ಹೀಗೇ ಇದೆ" ಎನ್ನುತ್ತಾರೆ. ಬಾಲ್ ಪೌಡರಿನ ವಿಷಯದಲ್ಲಿ ಇದು ಶುದ್ಧ ಭ್ರಮೆ. ಆ ಸಣ್ಣ ಗುಂಡುಕಾಳುಗಳು ಎಷ್ಟು ಬೇಗ ಉರಿಯಬೇಕೆಂಬುದನ್ನು ಗಾತ್ರದಷ್ಟೇ ಅವುಗಳ ಮೈಗೆ ಹತ್ತಿಸಿದ ತಡೆಲೇಪವೂ ತೀರ್ಮಾನಿಸುತ್ತದೆ. ಜೊತೆಗೆ ರೋಲರಿನಲ್ಲಿ ಎಷ್ಟು ಚಪ್ಪಟೆ ಮಾಡಿದ್ದಾರೆ ಎಂಬುದೂ ಸೇರುತ್ತದೆ. ಲೇಪದ ಮಟ್ಟ ಬರಿಗಣ್ಣಿಗೆ ಕಾಣುವುದಿಲ್ಲ. ಹೊರಗೆ ಕಾಣುವ ಬೂದುಗಪ್ಪು ಬಣ್ಣ ಗ್ರ್ಯಾಫೈಟಿನದು. ಅದು ಪಿಸ್ತೂಲ್ ಮದ್ದಿಗೂ ಇದೆ, ರೈಫಲ್ ಮದ್ದಿಗೂ ಇದೆ. ಎಚ್‌ಪಿ-38 ಪಿಸ್ತೂಲ್ ಮದ್ದು, ಎಚ್335 ರೈಫಲ್ ಮದ್ದು. ಲೇಬಲ್ ಕಿತ್ತು ಎರಡನ್ನೂ ಎದುರಿಗಿಟ್ಟರೆ ಇದೇ ಅದು ಎಂದು ಆಣೆ ಮಾಡಿ ಹೇಳುವ ಧೈರ್ಯ ಅನುಭವಿಗಳಿಗೂ ಬರುವುದಿಲ್ಲ. ಉದ್ದ ಕಡ್ಡಿಯ ಮದ್ದು ಸ್ವಲ್ಪ ಮೇಲು, ರೈಫಲಿನದೆಂದು ಊಹಿಸಬಹುದು. ಆದರೆ ಯಾವ ರೈಫಲಿನದು?

ಚಿಟಿಕೆ ಮದ್ದನ್ನು ಕಲ್ಲಿನ ಮೇಲೆ ಉರಿಸಿ ನೋಡಿ "ನಿಧಾನಕ್ಕೆ ಉರಿಯಿತು" ಎಂದು ತೀರ್ಪು ಕೊಡುವವರೂ ಇದ್ದಾರೆ. ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದನ್ನು 1884ರಲ್ಲಿ ಮೊದಲು ಮಾಡಿದ ಫ್ರಾನ್ಸಿನ ಪಾಲ್ ವಿಯೆಯ್ ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದಾನೆ. ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡ ಏರಿದಂತೆ ಏರುತ್ತದೆ ಎಂಬ ಸೂತ್ರ ಅವನದೇ. ಕಲ್ಲಿನ ಮೇಲೆ ಇರುವುದು ಬರೀ ಗಾಳಿಯ ಒತ್ತಡ, 14.7 ಪಿಎಸ್‌ಐ. ಕೇಸಿನೊಳಗೆ ಕ್ಷಣಾರ್ಧದಲ್ಲಿ 50,000 ದಾಟುತ್ತದೆ. ಬಯಲಲ್ಲಿ ಒಂದೇ ಥರ ಉರಿದ ಎರಡು ಮದ್ದುಗಳು ಒಳಗೆ ಅಜಗಜಾಂತರ ತೋರಿಸಬಹುದು. ಬಯಲಲ್ಲಿ ಉರಿಸಿದರೆ ಹಳೆಯ ಬಗೆಯ ಕರಿಮದ್ದೋ ಹೊಗೆರಹಿತ ಮದ್ದೋ ಎಂಬುದಷ್ಟೇ ತಿಳಿದೀತು.

ಇಷ್ಟು ಹೇಳಿದ ಮೇಲೆ "ಹಾಡ್ಜ್‌ಡನ್ ಶುರುವಾಗಿದ್ದೇ ಸರ್‌ಪ್ಲಸ್ ಮದ್ದಿನಿಂದ ಅಲ್ಲವೇ" ಎಂದು ಆ ಹೆಸರಾಂತ ಮದ್ದಿನ ಕಂಪನಿಯನ್ನು ತೋರಿಸಿ ಕೇಳುವ ಪ್ರಶ್ನೆ ಬಂದೇ ಬರುತ್ತದೆ. ಹೌದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಸಸ್‌ನ ಬ್ರೂಸ್ ಹಾಡ್ಜ್‌ಡನ್ ಜೀವವಿಮೆಯ ಮೇಲೆ ಸಾಲ ತೆಗೆದು ಸರ್ಕಾರದ 4895 ಮದ್ದನ್ನು 50,000 ಪೌಂಡ್ ಕೊಂಡ. ಹುಲ್ಲುಗಾವಲಿಗೆ ತಂದು ನಿಲ್ಲಿಸಿದ ಹಳೆಯ ರೈಲು ಡಬ್ಬಿಯೇ ಅವನ ಉಗ್ರಾಣ. ಆ ಮದ್ದು ಅಗ್ಗವಾಗಿತ್ತು, ಆದರೆ ಅನಾಮಿಕವಾಗಿರಲಿಲ್ಲ. ಸೇನೆಯ .30-06 ತೋಟಾಗೆ ಬಳಸುತ್ತಿದ್ದ ಮದ್ದು, ಅದರ ಹೆಸರು ಎಲ್ಲರಿಗೂ ಗೊತ್ತು. 20 ಮಿ.ಮೀ. ಫಿರಂಗಿಯಿಂದ ಬಂದ 4831 ಕೂಡ ಅವನ ಕೈಯಿಂದಲೇ ಪೇಟೆಗೆ ಬಂತು. ಮುಂದೆ ಇನ್ನೊಂದು ಕಂಪನಿ ಅದೇ 4831 ಅಂಕಿಯಲ್ಲಿ ತನ್ನ ಮದ್ದು ಹೊರತಂದಾಗ ಅದು ಹಾಡ್ಜ್‌ಡನ್ ಕಂಪನಿಯ ಎಚ್4831ಗಿಂತ ಬೇಗ ಉರಿಯುವಂಥದ್ದಾಗಿತ್ತು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದೆಂದು ಕೈಪಿಡಿಗಳು ಇವತ್ತಿಗೂ ಬರೆಯುತ್ತವೆ. ಕಂಪನಿಯ ಸೀಲಿರುವ ಡಬ್ಬಿಗಳಲ್ಲೇ ಹೀಗಾದರೆ "4895 ತರಹ" ಎಂದು ಪೆನ್ನಿನಲ್ಲಿ ಬರೆದದ್ದಕ್ಕೆ ಏನು ಬೆಲೆ?

ಸೇನೆಯ ಮದ್ದಿನ ಅಂಕಿಗೂ ಅಂಗಡಿಯ ಡಬ್ಬಿಯ ಅಂಕಿಗೂ ಅರ್ಥವೇ ಬೇರೆ. ಚಿಲ್ಲರೆ ಮಾರುವ ಮದ್ದನ್ನು ಲಾಟಿನಿಂದ ಲಾಟಿಗೆ (ಒಂದು ಸಲಕ್ಕೆ ತಯಾರಾದ ರಾಶಿ ಒಂದು ಲಾಟು) ಹೆಚ್ಚು ಬದಲಾಗದಂತೆ ಬೆರೆಸಿ ಹದ ಮಾಡಿರುತ್ತಾರೆ, ಏಕೆಂದರೆ ಮನೆಯಲ್ಲಿ ತುಂಬುವವನ ಬಳಿ ಒತ್ತಡ ಅಳೆಯುವ ಸಾಧನವಿರುವುದಿಲ್ಲ. ತೋಟಾ ಕಾರ್ಖಾನೆಯಲ್ಲಿ ಅದಿರುತ್ತದೆ. ಹೊಸ ಲಾಟು ಬಂದಾಗಲೆಲ್ಲ ಪರೀಕ್ಷಾ ನಳಿಗೆಯಲ್ಲಿ ಹಾರಿಸಿ, ಬೇಕಾದ ವೇಗ, ಒತ್ತಡ ಬರುವ ಹಾಗೆ ತೂಕವನ್ನೇ ಬದಲಿಸಿಕೊಳ್ಳುತ್ತಾರೆ. ಆದ್ದರಿಂದ ಕಾರ್ಖಾನೆಯ ಮದ್ದಿನಲ್ಲಿ ಒಂದೇ ಹೆಸರಿನ ಲಾಟುಗಳು ಬೇರೆ ಬೇರೆ ವೇಗದಲ್ಲಿದ್ದರೂ ನಡೆಯುತ್ತದೆ. ಡಬ್ಲ್ಯುಸಿ 852 ಇದಕ್ಕೆ ಒಳ್ಳೆಯ ಉದಾಹರಣೆ. ಸರ್‌ಪ್ಲಸ್ ವ್ಯಾಪಾರಿಗಳು ಅದನ್ನು "ಫಾಸ್ಟ್", "ಸ್ಲೋ" ಎಂದು ಎರಡು ಮಾಡಿಯೇ ಮಾರಬೇಕಾಯಿತು. ಡಬ್ಬಿಯಿಂದ ಡಬ್ಬಿಗೆ ಸುರಿಯುವಾಗ ಆ ಒಂದು ಪದ ಬಿಟ್ಟುಹೋದರೆ ಉಳಿಯುವುದು ಬರೀ ಅಂಕಿ.

ಹೆಸರು, ಲಾಟ್ ನಂಬರು ಎರಡೂ ಇರುವ ಸರ್‌ಪ್ಲಸ್ ಮದ್ದನ್ನು ನಂಬಿಕಸ್ಥ ವ್ಯಾಪಾರಿಯಿಂದ ತಂದಿದ್ದರೆ ಮಾತು ಬೇರೆ. ಸೇನೆಯ ಡಬ್ಲ್ಯುಸಿ 844 ಮತ್ತು ಅಂಗಡಿಯ ಎಚ್335 ಒಂದೇ ಕುಟುಂಬದವು, ಡಬ್ಲ್ಯುಸಿ 846 ಮತ್ತು ಬಿಎಲ್-ಸಿ(2) ಹಾಗೆಯೇ. ಕುಟುಂಬ ಒಂದೇ ಎಂದರೆ ಅಣ್ಣತಮ್ಮಂದಿರು ಎಂದರ್ಥ, ಅವರೇ ಇವರು ಎಂದಲ್ಲ. ಚಿಲ್ಲರೆ ಮದ್ದಿನ ಆರಂಭದ ಅಳತೆಯಿಂದ ಹೊರಡಿ, ಅದಕ್ಕೂ ಮೇಲಿನದರಿಂದ ಬೇಡ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಅದೇ ಗುಂಡು, ಅಷ್ಟೇ ಉದ್ದದ ನಳಿಗೆಗೆ ಕೈಪಿಡಿ ಕೊಟ್ಟ ಗರಿಷ್ಠ ವೇಗ ನಿಮಗೆ ಎರಡು ಗ್ರೇನ್ ಮೊದಲೇ ಬಂದುಬಿಟ್ಟರೆ ಒತ್ತಡವೂ ಅಲ್ಲಿಗೆ ಮುಟ್ಟಿದೆ ಎಂದೇ ತಿಳಿಯಬೇಕು. ಅಲ್ಲಿಗೆ ನಿಲ್ಲಿಸಿ. "ಪ್ರೈಮರ್ ಇನ್ನೂ ಚಪ್ಪಟೆಯಾಗಿಲ್ಲ" ಎಂದು ಮುಂದುವರಿಯುವವರೇ ಹೆಚ್ಚು. ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟ್ ಬಿಗಿಯಾಗುವುದು, ಕೇಸಿನ ಬುಡದಲ್ಲಿ ಖಾಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರಿನ ಅಚ್ಚು ಬೀಳುವುದು, ಇವೆಲ್ಲ ಎಷ್ಟೋ ಸಲ ಮಿತಿ ದಾಟಿ ಬಹಳ ಮುಂದೆ ಹೋದ ಮೇಲೇ ಕಾಣಿಸುತ್ತವೆ. ಮೆತ್ತಗಿನ ಪ್ರೈಮರ್ ಮೊದಲೇ ಚಪ್ಪಟೆಯಾಗುತ್ತದೆ, ಗಟ್ಟಿಯದು ಕೊನೆಯವರೆಗೂ ಸುಮ್ಮನಿರುತ್ತದೆ. ಲಾಟು ಬದಲಾದರೆ ಮತ್ತೆ ಮೊದಲಿನಿಂದ.

ಬಿಚ್ಚಿದ ತೋಟಾಗಳಿಂದ ತೆಗೆದ ಮದ್ದಾದರೆ ಇನ್ನೂ ಒಂದು ಗೊಡವೆ. ಹಲವು ಲಾಟುಗಳು ಬೆರೆತಿರಬಹುದು, ಗುಂಡಿನ ಸುತ್ತ ಹಚ್ಚಿದ ಟಾರಿನ ಚೂರುಗಳು ಸೇರಿರಬಹುದು.

ಹಳತಾದ ಮದ್ದು ಕೆಡುತ್ತದೆ ಎಂಬುದನ್ನು ಬಹುತೇಕರು ಮರೆತೇಬಿಡುತ್ತಾರೆ. ಹೊಗೆರಹಿತ ಮದ್ದಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್ ತಾನಾಗಿಯೇ ನಿಧಾನಕ್ಕೆ ಕೊಳೆಯುವ ವಸ್ತು; ಹೊರಬರುವ ಆಮ್ಲೀಯ ಅನಿಲವನ್ನು ಹಿಡಿದಿಡಲು ಡೈಫಿನೈಲಮೈನ್ ಬೆರೆಸಿರುತ್ತಾರೆ. ಅದು ಖರ್ಚಾಗುತ್ತ ಹೋಗುತ್ತದೆ, ಬಿಸಿಲಿನ ಗ್ಯಾರೇಜಿನಲ್ಲಿ ಬೇಗ. ಸೇನೆ ಒಂದು ಮದ್ದನ್ನು ಮಾರಾಟಕ್ಕೆ ಬಿಡುವ ಕಾರಣಗಳಲ್ಲಿ ಅದರ ವಯಸ್ಸೂ ಒಂದು ಎಂಬುದು ನೆನಪಿರಲಿ. ಮುಚ್ಚಳ ತೆಗೆದಾಗ ಒಳ್ಳೆಯ ಮದ್ದಿನಿಂದ ತೆಳುವಾದ ಈಥರ್ ವಾಸನೆ ಬರುತ್ತದೆ. ಮೂಗಿಗೆ ಚುಚ್ಚುವ ಹುಳಿ ಘಾಟು, ಕೆಂಗಂದು ಹೊಗೆ, ತುಕ್ಕಿನಂಥ ಪುಡಿ, ಮುಚ್ಚಳದ ಒಳಗೆ ತುಕ್ಕು, ಇವುಗಳಲ್ಲಿ ಒಂದು ಕಂಡರೂ ಆ ಡಬ್ಬಿ ಮನೆಯೊಳಗಿರಬಾರದು. ರಾಶಿಯಾಗಿದ್ದರೆ ತನ್ನ ಬಿಸಿಗೇ ಹೊತ್ತಿಕೊಳ್ಳಬಹುದು. ಫ್ರೆಂಚ್ ನೌಕಾಪಡೆಯ ಯುದ್ಧನೌಕೆಗಳಾದ ಇಯೆನಾ 1907ರಲ್ಲಿ, ಲಿಬರ್ತೇ 1911ರಲ್ಲಿ, ಎರಡೂ ತೂಲೋನ್ ಬಂದರಿನಲ್ಲೇ ಸಿಡಿದುಹೋದವು. ಆಪಾದನೆ ಬಂದದ್ದು ಕೆಟ್ಟುಹೋದ ಮದ್ದಿನ ಮೇಲೆ, ಅದೂ ವಿಯೆಯ್ ಕಂಡುಹಿಡಿದ ಬಗೆಯದರ ಮೇಲೆಯೇ.

ಇಷ್ಟಕ್ಕೆಲ್ಲ ಉಳಿಯುವುದೆಷ್ಟು? ಪೌಂಡಿಗೆ 15 ಡಾಲರ್ ಕಡಿಮೆಗೆ ಸಿಕ್ಕಿತೆನ್ನಿ. 45 ಗ್ರೇನಿನಂತೆ ಒಂದು ಪೌಂಡಿಗೆ 155 ತೋಟಾ. ತೋಟಾವೊಂದಕ್ಕೆ ಹತ್ತು ಸೆಂಟೂ ಇಲ್ಲ.

ಕೊಡಗಿನ ಓದುಗರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ ಕೋವಿ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಕಲಮುಗಳಿಗೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸುವುದು 5ನೇ ಕಲಮು, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಕಾನೂನು ಹಾಗಿರಲಿ, ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವ ಕೆಲಸ ಯಾರೂ ಮಾಡಕೂಡದು. ಆ ಕೋವಿ ಕರಿಮದ್ದಿಗೆಂದೇ ಆದದ್ದು, ಅಲ್ಲಿ ಅಳತೆ ತೂಕದ್ದಲ್ಲ, ಗಾತ್ರದ್ದು. ಅದೇ ಅಳತೆಯ ಹೊಗೆರಹಿತ ಮದ್ದು ಹಳೆಯ ನಳಿಗೆಯನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಬಿಡುತ್ತದೆ. ನಮ್ಮ ಭಾಷೆಯಲ್ಲಿ ಔಷಧಿಯೂ ಮದ್ದೇ, ಸಿಡಿಯುವುದೂ ಮದ್ದೇ. ಲೇಬಲ್ ಇಲ್ಲದ ಸೀಸೆಯ ಔಷಧಿಯನ್ನು ಹತ್ತು ಪರ್ಸೆಂಟ್ ಕಡಿಮೆ ಕುಡಿದು ನೋಡುತ್ತೇನೆ ಎಂದವರನ್ನು ಯಾರೂ ಕಂಡಿಲ್ಲ.

ಕೊಂಡಾಗಿದೆ, ಈಗೇನು ಮಾಡುವುದು? ಕಸದ ಬುಟ್ಟಿಗೆ, ಚರಂಡಿಗೆ ಬೇಡ. ಇನ್ನೊಬ್ಬರಿಗೆ ಮಾರುವುದಂತೂ ಬೇಡವೇ ಬೇಡ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಮನೆಯಲ್ಲಿ 20 ಪೌಂಡ್‌ವರೆಗೆ ಇಟ್ಟುಕೊಳ್ಳಲು ಬಿಡುವುದು ಮೂಲ ಡಬ್ಬಿಯಲ್ಲಿದ್ದರೆ ಮಾತ್ರ, ಉಪ್ಪಿನಕಾಯಿ ಜಾಡಿಗೆ ಸುರಿದಿಟ್ಟದ್ದಕ್ಕೆ ಅದು ಅನ್ವಯಿಸುವುದಿಲ್ಲ. ಹೆಚ್ಚಿದ್ದರೆ, ಅಥವಾ ಕೆಟ್ಟ ಲಕ್ಷಣ ಕಂಡಿದ್ದರೆ, ಸ್ಥಳೀಯ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಸ್ವಲ್ಪವೇ ಇದ್ದು, ಊರಿನ ನಿಯಮ ಒಪ್ಪುವುದಾದರೆ, ಮನೆ, ಒಣಹುಲ್ಲು, ಜನ ಇವುಗಳಿಂದ ದೂರ ಬರಿನೆಲದ ಮೇಲೆ ಒಂದು ಅಂಗುಲಕ್ಕಿಂತ ದಪ್ಪವಾಗದಂತೆ ಸಣ್ಣ ರಾಶಿ ಹರಡಿ, ನಿಧಾನಕ್ಕೆ ಉರಿಯುವ ಕಾಗದದ ಉದ್ದನೆಯ ಪಟ್ಟಿ ಇಟ್ಟು, ಗಾಳಿ ಬರುವ ಕಡೆಯಿಂದ ಹಚ್ಚಿ ದೂರ ಸರಿಯಬೇಕು. ಡಬ್ಬಿಯೊಳಗೇ ಉರಿಸಬಾರದು. ಮೊದಲ ರಾಶಿ ಉರಿದ ಜಾಗದಲ್ಲೇ ಎರಡನೆಯದನ್ನು ಸುರಿಯಬೇಡಿ, ನೆಲ ಇನ್ನೂ ಬಿಸಿಯಿರುತ್ತದೆ.